ಬೇಸಗೆಯ ಫೇರ್‌ವೇ: ಹುಲ್ಲಿನ ಬಣ್ಣ ಬಿಡಿ, ಮಣ್ಣು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಗಾಲ್ಫ್ ಮೈದಾನದಲ್ಲಿ ಮೊದಲ ಹೊಡೆತ ಹೊಡೆಯುವ ಟೀಯಿಂದ, ಹೋಲ್ ಎಂಬ ಕುಳಿಯಿರುವ ಗ್ರೀನ್‌ವರೆಗೆ ಹಾಸಿಕೊಂಡಿರುವ ಉದ್ದನೆಯ ಹುಲ್ಲುಪಟ್ಟಿಗೆ ಫೇರ್‌ವೇ ಎನ್ನುತ್ತೇವೆ. ಬಿರುಬೇಸಗೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ಇವತ್ತಿನ ಮಾತು. ರೇಡಿಯೊ ಪಕ್ಕಕ್ಕಿಟ್ಟುಕೊಂಡು ಸ್ಪ್ರಿಂಕ್ಲರ್ ವಾಲ್ವ್ ತಿರುಗಿಸುತ್ತಿರುವವರಿಗಾಗಿಯೇ ಇದನ್ನು ಹೇಳುತ್ತಿದ್ದೇನೆ. ಕ್ಲಬ್ಬಿನ ಕಮಿಟಿಯವರೂ ಕೇಳುತ್ತಿದ್ದರೆ ಇನ್ನೂ ಒಳ್ಳೆಯದು.

ನಾನು ಹೇಳುವುದು ಒಂದೇ ಮಾತು. ಹುಲ್ಲಿನ ಬಣ್ಣ ನೋಡಿ ನೀರು ಬಿಡಬೇಡಿ, ಮಣ್ಣು ನೋಡಿ ಬಿಡಿ.

ದಿನಾ ಸಂಜೆ ಐದು ನಿಮಿಷ ನೀರು ಚಿಮುಕಿಸಿದರೆ ಒಂದೆರಡು ಮಿಲಿಮೀಟರ್ ಬೀಳುತ್ತದೆ. ಅದು ಮೇಲಿನ ಎರಡು ಸೆಂಟಿಮೀಟರ್ ಮಣ್ಣನ್ನಷ್ಟೇ ತೋಯಿಸಿ, ಮರುದಿನ ಮಧ್ಯಾಹ್ನದೊಳಗೆ ಆವಿಯಾಗಿ ಹೋಗುತ್ತದೆ. ನೀರು ಎಲ್ಲಿದೆಯೋ ಬೇರು ಅಲ್ಲೇ. ದಿನಾ ಕೈತುತ್ತು ಹಾಕಿದರೆ ಅದು ಕೆಳಗಿಳಿದು ದುಡಿಯುವುದೇ ಇಲ್ಲ. ಪಂಪ್ ಒಂದು ದಿನ ಕೆಟ್ಟರೆ ಸಾಕು, ಫೇರ್‌ವೇ ಪೂರ್ತಿ ಮಲಗುತ್ತದೆ.

ಹಾಗಾದರೆ ಎಷ್ಟು ಬಿಡಬೇಕು? ಬೇರಿನ ವಲಯ 15 ಸೆಂಟಿಮೀಟರ್ ಆಳಕ್ಕೆ ನೆನೆಯಬೇಕು. ಮರಳು ಮಣ್ಣಾದರೆ 10ರಿಂದ 12 ಮಿಲಿಮೀಟರ್, ಎರಡು ಮೂರು ದಿನಕ್ಕೊಮ್ಮೆ. ಜೇಡಿ ಮಣ್ಣಾದರೆ 20ರಿಂದ 25 ಮಿಲಿಮೀಟರ್, ನಾಲ್ಕೈದು ದಿನಕ್ಕೊಮ್ಮೆ. ಜೇಡಿ ಮಣ್ಣು ಒಂದೇ ಸಲಕ್ಕೆ ಇಷ್ಟು ಕುಡಿಯುವುದಿಲ್ಲ, ನೀರು ಇಳಿಜಾರಿಗೆ ಹರಿದುಬಿಡುತ್ತದೆ. ಅಂಥ ಕಡೆ ಹತ್ತು ನಿಮಿಷ ಬಿಡಿ, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಬಿಡಿ. ಒಂದು ಹೆಕ್ಟೇರಿಗೆ ಒಂದು ಮಿಲಿಮೀಟರ್ ನೀರೆಂದರೆ 10,000 ಲೀಟರ್. ಲೆಕ್ಕ ನೀವೇ ಹಾಕಿಕೊಳ್ಳಿ.

ನೀರು ಇಳಿದಿದೆಯೇ ಇಲ್ಲವೇ ಎಂದು ನೋಡಲು ದುಬಾರಿ ಉಪಕರಣವೇನೂ ಬೇಡ, ಉದ್ದನೆಯ ಸ್ಕ್ರೂಡ್ರೈವರ್ ಸಾಕು. ಚುಚ್ಚಿ. 15 ಸೆಂಟಿಮೀಟರ್ ಸಲೀಸಾಗಿ ಇಳಿದರೆ ಸರಿ. ಐದಕ್ಕೇ ತಡೆದು ನಿಂತರೆ ನಿಮ್ಮ ನೀರೂ ಅಲ್ಲಿಗೇ ನಿಂತಿದೆ ಎಂದರ್ಥ.

ಕಮಿಟಿಯವರ ಹಸಿರಿನ ಹಟಕ್ಕೆ ಒಂದು ಪ್ರಸಂಗ ಹೇಳಲೇಬೇಕು. 2006ರ ಜುಲೈ. ಇಂಗ್ಲೆಂಡಿನ ಹಾಯ್ಲೇಕ್‌ನ ರಾಯಲ್ ಲಿವರ್‌ಪೂಲ್ ಮೈದಾನದಲ್ಲಿ ಗಾಲ್ಫಿನ ದೊಡ್ಡ ಪಂದ್ಯಾವಳಿ ಓಪನ್ ಚಾಂಪಿಯನ್‌ಶಿಪ್. ಒಣ ಬೇಸಗೆ. ಟಿವಿಯಲ್ಲಿ ನೋಡಿದವರಿಗೆ ನೆನಪಿರುತ್ತದೆ, ಫೇರ್‌ವೇಗಳೆಲ್ಲ ಹುಲ್ಲಿನ ಮೆದೆಯ ಬಣ್ಣಕ್ಕೆ ತಿರುಗಿದ್ದವು. ನಮ್ಮಲ್ಲಾಗಿದ್ದರೆ ಮೈದಾನ ನೋಡಿಕೊಳ್ಳುವ ಸೂಪರಿಂಟೆಂಡೆಂಟ್‌ಗೆ ನೋಟಿಸು ಹೋಗುತ್ತಿತ್ತು! ಅಲ್ಲಿ ಆದದ್ದೇ ಬೇರೆ. ನೆಲ ಗಟ್ಟಿಯಾಗಿದ್ದರಿಂದ ಬಿದ್ದ ಚೆಂಡು ನಿಲ್ಲದೆ ಉರುಳುತ್ತಿತ್ತು. ಜೋರಾಗಿ ಹೊಡೆದರೆ ಬಂಕರ್, ಅಂದರೆ ಮರಳಿನ ಗುಂಡಿ, ಕಾದಿದೆ. ಟೈಗರ್ ವುಡ್ಸ್ ಇದನ್ನು ಮೊದಲೇ ಲೆಕ್ಕ ಹಾಕಿದ್ದರು. 72 ಹೋಲ್‌ಗಳಲ್ಲಿ ಅವರು ಅತಿ ದೂರ ಹೊಡೆಯುವ ಡ್ರೈವರ್ ಕೋಲು ಹಿಡಿದದ್ದು ಒಂದೇ ಒಂದು ಬಾರಿ. ಟೀಯಿಂದ ಹೆಚ್ಚಾಗಿ ಅದಕ್ಕಿಂತ ಕಡಿಮೆ ದೂರದ ಐರನ್ ಕೋಲಿನಲ್ಲೇ ಹೊಡೆದು, ಚೆಂಡು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸಿ, 18 ಅಂಡರ್ ಪಾರ್, ಅಂದರೆ ನಿಗದಿತ ಹೊಡೆತಗಳಿಗಿಂತ 18 ಕಡಿಮೆಯಲ್ಲಿ ಗೆದ್ದರು. ಆ ಕಂದು ಹುಲ್ಲಿನ ಮೇಲೆಯೇ! ಹುಲ್ಲೇನೂ ಸತ್ತಿರಲಿಲ್ಲ. ಅಲ್ಲಿಯ ಫೆಸ್ಕ್ಯೂ ಎಂಬ ಹುಲ್ಲಿನ ಜಾತಿಯ ಹುಟ್ಟುಗುಣವೇ ಅದು: ನೀರು ತಪ್ಪಿದರೆ ಎಲೆ ಒಣಗಿಸಿಕೊಂಡು, ಬುಡದಲ್ಲಿ ಜೀವ ಹಿಡಿದು ಮಲಗುತ್ತದೆ. ಬರ್ಮುಡಾ, ಅಂದರೆ ನಮ್ಮ ಗರಿಕೆ, ನೆಲದೊಳಗಿನ ಕಾಂಡದಲ್ಲಿ ಜೀವ ಇಟ್ಟುಕೊಂಡು ಇನ್ನೂ ಗಟ್ಟಿಯಾಗಿ ಇದೇ ಕೆಲಸ ಮಾಡುತ್ತದೆ.

ಹುಲ್ಲು ಮಲಗಿದೆಯೋ ಸತ್ತಿದೆಯೋ ತಿಳಿಯಬೇಕಾದರೆ ಒಂದು ಹಿಡಿ ಬುಡಸಮೇತ ಅಗೆದು ನೋಡಿ. ಬುಡ ಬೆಳ್ಳಗೆ, ಬಿಗಿಯಾಗಿದ್ದರೆ ಬದುಕಿದೆ. ಕಂದಾಗಿ, ಉಗುರಿಗೆ ಪುಡಿಯಾದರೆ ಹೋಯಿತು. ಮಲಗಿದ ಹುಲ್ಲಿಗೆ ಮೂರು ವಾರಕ್ಕೊಮ್ಮೆ 10ರಿಂದ 12 ಮಿಲಿಮೀಟರ್ ಕೊಟ್ಟರೆ ಬುಡ ಉಳಿಯುತ್ತದೆ. ಇವತ್ತು ಎಬ್ಬಿಸಿ ನಾಳೆ ಒಣಗಿಸುವ ಆಟ ಮಾತ್ರ ಬೇಡ. ಪ್ರತಿ ಸಲ ಚಿಗುರುವಾಗಲೂ ಕೂಡಿಟ್ಟ ಆಹಾರ ಖರ್ಚಾಗುತ್ತದೆ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ನೀರು ಬಿಡುವುದು ನಸುಕಿನಲ್ಲಿ. ಸಂಜೆ ಬಿಟ್ಟರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರ ರೋಗ ಬರುತ್ತದೆ. ಒಂದೇ ಅಳತೆಯ ಡಬ್ಬಗಳನ್ನು ಅಲ್ಲಲ್ಲಿ ಇಟ್ಟು 15 ನಿಮಿಷ ಸ್ಪ್ರಿಂಕ್ಲರ್ ಓಡಿಸಿ. ಒಂದರಲ್ಲಿ ಮೂರು, ಇನ್ನೊಂದರಲ್ಲಿ ಎಂಟು ಮಿಲಿಮೀಟರ್ ನಿಂತಿದ್ದರೆ ನಾಜಲ್ ಕಟ್ಟಿದೆ, ಹೆಡ್ ವಾಲಿದೆ, ಇಲ್ಲವೇ ಒತ್ತಡ ಸಾಲದು. ಮೊದಲು ಅದನ್ನು ರಿಪೇರಿ ಮಾಡಿ.

ಸುತ್ತೆಲ್ಲ ನೆನೆದರೂ ಒಂದು ಪಟ್ಟೆ ಮಾತ್ರ ಒಣಗಿಯೇ ಉಳಿದರೆ ಅಲ್ಲಿಯ ಮಣ್ಣಿನ ಕಣಗಳಿಗೆ ಮೇಣದಂಥ ಪದರ ಕಟ್ಟಿರುತ್ತದೆ. ಮಣ್ಣಿನ ಒಂದು ತುಂಡು ತೆಗೆದು ಒಣಗಿಸಿ, ಮೇಲಿಂದ ಕೆಳಗೆ ಒಂದೊಂದು ಹನಿ ನೀರು ಇಡಿ. ಹನಿ ಇಂಗದೆ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಮುತ್ತಿನಂತೆ ಕೂತರೆ ಅನುಮಾನ ಬೇಡ. ಫೋರ್ಕಿನಿಂದ ಚುಚ್ಚಿ, ನೀರು ಇಂಗುವಂತೆ ಮಾಡುವ ವೆಟಿಂಗ್ ಏಜೆಂಟ್ ಹಾಕಿ, ಪೈಪ್ ಹಿಡಿದು ಅಲ್ಲಿಗೆ ಮಾತ್ರ ನೀರು ಬಿಡಿ. ಅದೊಂದು ಪಟ್ಟೆಗಾಗಿ ಇಡೀ ಫೇರ್‌ವೇ ಕೆಸರು ಮಾಡುವವರನ್ನು ಕಂಡರೆ, ಕ್ಷಮಿಸಿ, ನನಗೆ ತಾಳ್ಮೆ ತಪ್ಪುತ್ತದೆ.

ಹುಲ್ಲನ್ನು 12 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಿದ್ದರೆ ಬೇಸಗೆಯಲ್ಲಿ 15ಕ್ಕೆ ಏರಿಸಿ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಹುಲ್ಲು ಕತ್ತರಿಸುವ ರೀಲ್ ಮೊವರ್ ಕಾಗದವನ್ನು ನೀಟಾಗಿ ಕತ್ತರಿಸುವಷ್ಟು ಹರಿತವಾಗಿರಲಿ. ಮೊಂಡಾದರೆ ಎಲೆಯ ತುದಿ ಹರಿದು ಬಿಳಿಚಿಕೊಂಡು ಇನ್ನಷ್ಟು ನೀರು ಕಳೆದುಕೊಳ್ಳುತ್ತದೆ. ಹುಲ್ಲು ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿ, ತುಳಿದ ಹೆಜ್ಜೆ ಹಾಗೇ ಉಳಿಯುತ್ತಿದ್ದರೆ ಗಾಲ್ಫ್ ಕಾರ್ಟ್‌ಗಳನ್ನು ಅಲ್ಲಿಗೆ ಬಿಡಲೇಬೇಡಿ. ಬಾಡಿದ ಹುಲ್ಲಿನ ಮೇಲೆ ಚಕ್ರ ಹರಿದರೆ ನಾಳೆಗೆ ಎರಡು ಕಂದು ಗೆರೆ ಗ್ಯಾರಂಟಿ.

ಯೂರಿಯಾ ಚೀಲ ಸದ್ಯಕ್ಕೆ ಗೋದಾಮಿನಲ್ಲೇ ಇರಲಿ, ಕಳೆನಾಶಕವೂ ಅಲ್ಲೇ ಇರಲಿ. ಮಳೆ ಬಿದ್ದು, ಹೊಸ ಚಿಗುರು ಒಂದೆರಡು ಸಲ ಕತ್ತರಿಸುವಷ್ಟು ಬೆಳೆದ ಮೇಲೆ ಗೊಬ್ಬರ ಕೊಡಿ. ಗಟ್ಟಿಯಾದ ನೆಲಕ್ಕೆ ತೂತು ಹೊಡೆಯುವ ಏರೇಶನ್ ಕೆಲಸವನ್ನೂ ಆಗಲೇ ಹಿಡಿಯಿರಿ, ಅದಕ್ಕಿಂತ ಒಂದು ದಿನವೂ ಮೊದಲಲ್ಲ. ನಮಸ್ಕಾರ.