ಬಿಚ್ಚಿದ ಮೇಲೆ ಕಂಡದ್ದು ಬೇರೆ ಲೆಕ್ಕ
(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮನೆ ರಿಪೇರಿ ಕೆಲಸದವರ ಸಭೆಯಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಮೇಸ್ತ್ರಿಗಳು, ಆಚಾರಿಗಳು, ಟೈಲ್ಸಿನವರು, ವಯರಿಂಗಿನವರು ಎಲ್ಲ ಬಂದಿದ್ದೀರಿ. ವಾರಕ್ಕೊಂದೇ ಆದಿತ್ಯವಾರ, ಅದನ್ನೂ ಬಿಟ್ಟು ಬಂದವರನ್ನು ತುಂಬಾ ಹೊತ್ತು ಕೂರಿಸುವುದಿಲ್ಲ. ನಮ್ಮಂಥ ಸಣ್ಣ ಕಂಟ್ರಾಕ್ಟರು ಸಂಘಕ್ಕೆ ಸೇರಿದರೆ ಏನು ಲಾಭ ಅಂತ ಮಾತಾಡಬೇಕೆಂದು ನನ್ನನ್ನು ಕರೆದರು. ಕರೆದವರು ಉತ್ತರವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಕರೆದಿದ್ದಾರೆ. ಇಲ್ಲಿ ಶುರುವಾಗಲಿರುವ ಸಂಘದ ಚಂದಾ ರಶೀದಿ ಪುಸ್ತಕ ಆಗಲೇ ಮೇಜಿನ ಮೇಲೆ ಉಂಟು. ನಾನು ಪೂರ್ತಿ ಅವರ ಪರ ಮಾತಾಡ್ತೇನೆ ಅಂತ ಮಾತು ಕೊಡಲಾರೆ.

ಹೊಸ ಮನೆ ಕಟ್ಟುವವರಿಗೂ ನಮಗೂ ಒಂದು ವ್ಯತ್ಯಾಸ ಉಂಟು. ಹೊಸ ಮನೆಗೆ ಪ್ಲಾನು ಇರ್ತದೆ, ಚದರ ಅಡಿ ಲೆಕ್ಕ ಇರ್ತದೆ. ನಮಗೆ ಸಿಗುವುದು ಅಜ್ಜನ ಕಾಲದ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಮತ್ತೆ ಗಲ್ಫಿನಿಂದ ವಾಟ್ಸಾಪಿನಲ್ಲಿ ಮಗ ಕಳಿಸಿದ ಬಾತ್‌ರೂಮಿನ ಫೋಟೋ. ಗೋಡೆಯೊಳಗೆ ಏನುಂಟು ಅಂತ ಒಡೆದ ಮೇಲೆಯೇ ಗೊತ್ತಾಗುವುದು. ರೇಟು ಮಾತ್ರ ಒಡೆಯುವ ಮೊದಲೇ ಹೇಳಬೇಕು.

ನನಗೆ ಪೆಟ್ಟು ಬಿದ್ದದ್ದು ನೀರ್ಚಾಲು ಕಡೆಯ ಒಂದು ಮನೆಯಲ್ಲಿ. ಮಾಡಿನ ಕೆಲಸ. ಹಂಚು ಇಳಿಸಿ ತೊಳೆಯುವುದು, ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಬದಲಿಸುವುದು, ತಿರುಗಿ ಹೊದೆಸುವುದು. ಕೆಳಗೆ ನಿಂತು ತಲೆ ಎತ್ತಿ ನೋಡಿದೆ. ರೀಪಿನ ಅಡಿಯಲ್ಲಿ ಮಾಡನ್ನು ಹೊರುವ ಓರೆ ಮರಗಳಿಗೆ, ಪಕ್ಕಾಸುಗಳಿಗೆ, ಆ ವರ್ಷವೇ ಪೈಂಟು ಹೊಡೆದಿದ್ದರು, ಹೊಳೆಯುತ್ತಿತ್ತು. ಒಂದು ಮೊತ್ತ ಹೇಳಿ ಅಡ್ವಾನ್ಸ್ ತೆಗೆದುಕೊಂಡೆ. ಹಂಚು ಇಳಿಸಿದ ದಿನ ನನ್ನ ಆಚಾರಿ ಮೇಲಿನಿಂದ, "ಧಣಿ, ಒಮ್ಮೆ ಬನ್ನಿ" ಅಂತ ಕರೆದ. ಏಣಿ ಹತ್ತಿ, ಪಕ್ಕಾಸಿನ ತಲೆ ಗೋಡೆಯ ಮೇಲೆ ಕೂರುವ ಜಾಗಕ್ಕೆ ಕೈ ಹಾಕಿದೆ. ಬೆರಳು ಒಳಗೇ ಹೋಯಿತು. ಹೊರಗೆ ಪೈಂಟಿನ ಸಿಪ್ಪೆ, ಒಳಗೆ ಅವಲಕ್ಕಿ ಹುಡಿಯ ಹಾಗೆ ಒರಲೆ ತಿಂದ ಮರ. ಒಂದಲ್ಲ, ಪಡುಬದಿಯ ಅಷ್ಟೂ ಪಕ್ಕಾಸು. ಮನೆಯ ಯಜಮಾನರ ಹತ್ತಿರ ಹೇಳಿದರೆ ಅವರು ಸಾವಕಾಶ ಕೇಳಿದರು: "ಮಾಡು ರಿಪೇರಿ ಅಂತ ಅಲ್ವಾ ನೀವು ಒಪ್ಪಿದ್ದು? ಪಕ್ಕಾಸು ಮಾಡಿನದ್ದಲ್ವಾ?" ಅವರ ವಾದದಲ್ಲಿ ನನಗೆ ಇಂದಿಗೂ ತಪ್ಪು ಕಾಣುವುದಿಲ್ಲ. ಮೂವತ್ತೆಂಟು ಸಾವಿರ ಕೈಯಿಂದ ಹೋಯಿತು.

ಆಗ ನಾನು ಒಂದು ಸಂಘದ ಸದಸ್ಯ. ಯಾವ ಸಂಘ ಅಂತ ಹೇಳುವುದಿಲ್ಲ. ನಾಲ್ಕು ವರ್ಷ ಚಂದಾ ಕಟ್ಟಿದ್ದೆ. ಪ್ರತಿಯಾಗಿ ಬಂದದ್ದು ಗೋಡೆಗೊಂದು ಫ್ರೇಮು ಹಾಕಿದ ಸರ್ಟಿಫಿಕೇಟು, ವರ್ಷಕ್ಕೊಂದು ಕ್ಯಾಲೆಂಡರು, ಓಣಂಗೆ ಶುಭಾಶಯದ ಮೆಸೇಜು. ಆ ಸರ್ಟಿಫಿಕೇಟು ನೋಡಿ ಒಬ್ಬನೇ ಒಬ್ಬ ನನಗೆ ಕೆಲಸ ಕೊಟ್ಟದ್ದಿಲ್ಲ. ನಮಗೆ ಕೆಲಸ ಬರುವುದು ಹೇಗೆ ಅಂತ ನಿಮಗೆ ಗೊತ್ತುಂಟು. ಪಕ್ಕದ ಮನೆಯ ಗೃಹಪ್ರವೇಶದ ಊಟಕ್ಕೆ ಬಂದವರು ಕೈ ತೊಳೆಯುವಾಗ ಟೈಲ್ಸಿನ ಮೂಲೆ ನೋಡಿ, "ಇದು ಯಾರು ಮಾಡಿದ್ದು?" ಅಂತ ಕೇಳ್ತಾರಲ್ಲ, ಹಾಗೆ.

ಸಿಟ್ಟಿನಲ್ಲಿ ರಾಜೀನಾಮೆ ಕೊಡ್ಲಿಕ್ಕೆ ಅಂತ ಮೊದಲ ಸಲ ಸಂಘದ ಮೀಟಿಂಗಿಗೆ ಹೋದೆ. ನಾಲ್ಕು ವರ್ಷದಲ್ಲಿ ಮೊದಲ ಸಲ, ಅದನ್ನೂ ಹೇಳಿಬಿಡ್ತೇನೆ, ತಪ್ಪು ಬರೀ ಸಂಘದ್ದೇ ಅಲ್ಲ. ಚಾ ಕುಡಿಯುವಾಗ ಮಂಜೇಶ್ವರದ ಕಡೆಯ ಒಬ್ಬರು ಹಿರಿಯ ಕಂಟ್ರಾಕ್ಟರು ನನ್ನ ಕಥೆ ಕೇಳಿ ನಕ್ಕರು. "ರೇಟು ಹೇಳುವ ಮೊದಲು ಮಳೆ ಹೊಡೆಯುವ ಮೂಲೆಯಲ್ಲಿ ನಾಲ್ಕು ಹಂಚು ತೆಗಿ. ಪಕ್ಕಾಸಿನ ತಲೆಗೆ ಸ್ಕ್ರೂಡ್ರೈವರು ಚುಚ್ಚಿ ನೋಡು. ಮತ್ತೆ ಎಸ್ಟಿಮೇಟಿನ ಅಡಿಯಲ್ಲಿ ಒಂದು ಗೆರೆ ಬರೆ: ಬಿಚ್ಚಿದ ಮೇಲೆ ಕಂಡದ್ದು ಬೇರೆ ಲೆಕ್ಕ. ಬರೆದು ಯಜಮಾನರ ಸೈನು ತೆಗೊ." ಅಷ್ಟೇ. ನಾಲ್ಕು ವರ್ಷದ ಚಂದಾ ಆ ಒಂದು ಗ್ಲಾಸು ಚಾದಲ್ಲಿ ವಸೂಲಾಯಿತು. ರಾಜೀನಾಮೆ ಪತ್ರ ಕಿಸೆಯಲ್ಲೇ ಉಳಿಯಿತು.

ಅವರು ಅಷ್ಟು ಸುಲಭದಲ್ಲಿ ಹೇಳಿಕೊಟ್ಟದ್ದು ಯಾಕೆ? ಒಳ್ಳೆಯವರು, ಅದು ಹೌದು. ಆದರೆ ಅವರದು ಮಂಜೇಶ್ವರ, ನನ್ನದು ಬದಿಯಡ್ಕ. ಅವರ ಕೆಲಸ ನಾನು ತಪ್ಪಿಸುವುದಿಲ್ಲ, ನನ್ನದನ್ನು ಅವರು ತಪ್ಪಿಸುವುದಿಲ್ಲ. ಇಲ್ಲೇ ಪೇಟೆಯಲ್ಲಿ ನನ್ನ ಜೊತೆ ಅದೇ ಮನೆಗೆ ರೇಟು ಕೊಡುವವನು ಹೇಳ್ತಿದ್ದನಾ? ನಾನಾದರೂ ಹೇಳ್ತಿದ್ದೆನಾ?

ಇದನ್ನು ಅಮೆರಿಕದವರು ಒಂದು ಕ್ರಮವಾಗಿಯೇ ಮಾಡಿಕೊಂಡಿದ್ದಾರೆ. ಅಲ್ಲಿ ನ್ಯಾಶನಲ್ ಅಸೋಸಿಯೇಶನ್ ಆಫ್ ಹೋಮ್ ಬಿಲ್ಡರ್ಸ್ ಅಂತ 1942ರಲ್ಲಿ ಶುರುವಾದ ದೊಡ್ಡ ಸಂಘ ಉಂಟು. ಮನೆ ರಿಪೇರಿಯವರಿಗೆ ಅದರಲ್ಲಿ ಬೇರೆಯೇ ವಿಭಾಗ. ಅದರೊಳಗೆ 'ಟ್ವೆಂಟಿ ಕ್ಲಬ್' ಅಂತ ಸಣ್ಣ ಸಣ್ಣ ಗುಂಪುಗಳು. ಹೆಚ್ಚೆಂದರೆ ಇಪ್ಪತ್ತು ಕಂಪೆನಿ, ಒಂದೊಂದೂ ಬೇರೆ ಬೇರೆ ಊರಿನದು, ಒಬ್ಬರಿಗೊಬ್ಬರು ಪೈಪೋಟಿ ಇಲ್ಲ. ಕೂತು ತಮ್ಮ ಲೆಕ್ಕಪುಸ್ತಕವನ್ನೇ ಒಬ್ಬರ ಎದುರು ಒಬ್ಬರು ಬಿಚ್ಚಿಡ್ತಾರೆ, ಎಲ್ಲಿ ಲಾಭ, ಎಲ್ಲಿ ಸೋರಿಕೆ ಅಂತ. ಅವರ ಸಂಘದ ಬೇರೆ ಸವಲತ್ತುಗಳನ್ನು ಬಿಡಿ, ನನಗೆ ಹಿಡಿಸಿದ್ದು ಇದೊಂದೇ.

ನಮ್ಮ ಗಡಿಯ ತಾಪತ್ರಯವೊಂದು ಉಂಟು, ಅದೂ ನನಗೆ ಮೀಟಿಂಗಿನಲ್ಲೇ ತಿಳಿದದ್ದು. ಪೆರ್ಲದಿಂದ ಮುಂದೆ ಸಾರಡ್ಕ ದಾಟಿದರೆ ಕರ್ನಾಟಕ. ವಿಟ್ಲದಲ್ಲಿ ಅಕ್ಕನ ಮನೆ, ಪುತ್ತೂರಿನಲ್ಲಿ ಭಾವನ ಮನೆ. ಕೆಲಸಕ್ಕೆ ಕರೀತಾರೆ, ನಾವು ಹೋಗ್ತೇವೆ. ಜಿಎಸ್‌ಟಿಯಲ್ಲಿ ಕೆಲಸ ಎಲ್ಲಿಯದು ಅಂತ ಲೆಕ್ಕ ಹಾಕುವುದು ಮನೆ ಇರುವ ಜಾಗ ನೋಡಿ. ಹಾಗಾಗಿ ವಿಟ್ಲದ ಕೆಲಸ ನಮಗೆ ಹೊರರಾಜ್ಯದ ಕೆಲಸ. ವರ್ಷಕ್ಕೆ 20 ಲಕ್ಷದ ಒಳಗೆ ವಹಿವಾಟು ಇದ್ದು ನೋಂದಣಿ ಇಲ್ಲದವನಿಗೆ ತೊಂದರೆ ಇಲ್ಲ. ಆದರೆ 18 ಶೇಕಡಾ ತೆರಿಗೆಯ ರಗಳೆ ಬೇಡ ಅಂತ 6 ಶೇಕಡಾದ ಕಾಂಪೊಸಿಷನ್, ಅಂದರೆ ಸಣ್ಣ ವಹಿವಾಟಿನವರ ಸರಳ ತೆರಿಗೆ, ತೆಗೆದುಕೊಂಡವನು ಹೊರರಾಜ್ಯದ ಕೆಲಸ ಹಿಡಿಯುವ ಹಾಗಿಲ್ಲ. ಇಲ್ಲಿ ಕೂತವರಲ್ಲಿ ಇಬ್ಬರಾದರೂ ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ, ನಾನು ನೋಡಿದೆ. ತಿರುವನಂತಪುರದಲ್ಲಿ ಕೂತ ರಾಜ್ಯ ಸಂಘಕ್ಕೆ ಸಾರಡ್ಕ ನೆನಪಾಗುವುದಿಲ್ಲ. ಹತ್ತಿರದ ಸಂಘ ಬೇಕು ಅನ್ನುವುದು ಇದಕ್ಕೇ.

ದೊಡ್ಡ ಸಂಘದಿಂದ ಪ್ರಯೋಜನ ಇಲ್ಲ ಅಂತ ಅಲ್ಲ. ಒಬ್ಬನಿಂದ ಆಗದ್ದು ಅವರಿಂದ ಆಗ್ತದೆ. ಸಿಮೆಂಟಿನ ಕೇಸು ನೆನಪಿರಬಹುದು. ಕಂಪೆನಿಗಳು ಒಳಗೊಳಗೆ ಮಾತಾಡಿಕೊಂಡು ಬೆಲೆ ಏರಿಸ್ತಾರೆ ಅಂತ ಬಿಲ್ಡರ್ಸ್ ಅಸೋಸಿಯೇಶನ್ ಆಫ್ ಇಂಡಿಯಾ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2012ರಲ್ಲಿ ಆಯೋಗ ಹನ್ನೊಂದು ಸಿಮೆಂಟ್ ಕಂಪೆನಿಗಳಿಗೆ ಸುಮಾರು 6,300 ಕೋಟಿ ದಂಡ ಹಾಕಿತು. ಅಪೀಲಿನಲ್ಲಿ ಆ ಆದೇಶ ಬಿದ್ದುಹೋಗಿ, 2016ರಲ್ಲಿ ಆಯೋಗ ಮತ್ತೆ ದಂಡ ಹಾಕಿತು. ಅಲ್ಲಿಂದ ಮುಂದೆಯೂ ಕೋರ್ಟು ಹತ್ತಿತು. ನಾವು ಐವತ್ತು ಗೋಣಿ ಸಿಮೆಂಟು ತರುವವರು, ಅಂಗಡಿಯಲ್ಲಿ ಬೆಲೆ ಕೇಳಿ "ಹೌದಾ ಮಾರಾಯ್ರೆ" ಅನ್ನುವುದು ಬಿಟ್ಟು ಏನು ಮಾಡಬಹುದಿತ್ತು?

ಆದರೆ ಆ ಕೇಸಿನಲ್ಲಿ ಇನ್ನೊಂದು ಸಂಗತಿ ಉಂಟು. ದಂಡ ಬಿದ್ದವರಲ್ಲಿ ಸಿಮೆಂಟ್ ತಯಾರಕರ ಸಂಘವೂ ಒಂದು. ದೂರು ಕೊಟ್ಟದ್ದೂ ಸಂಘ, ಸಿಕ್ಕಿಬಿದ್ದದ್ದೂ ಸಂಘ. ಇವತ್ತು ಇಲ್ಲಿ ಕೆಲವರು ಬಾಗಿಲಲ್ಲೇ ನನ್ನನ್ನು ಹಿಡಿದು, "ಚದರ ಅಡಿಗೆ ಇಷ್ಟಕ್ಕಿಂತ ಕಡಿಮೆಗೆ ಯಾರೂ ಹಿಡಿಯಬಾರದು ಅಂತ ನಿರ್ಣಯ ಮಾಡುವ" ಅಂದರು. ಸಂಕಟ ನನಗೂ ಗೊತ್ತು, ನನ್ನ ರೇಟನ್ನೂ ಕಡಿದಿದ್ದಾರೆ. ಆದರೂ ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಬೇಡಿ. 2002ರ ಸ್ಪರ್ಧಾ ಕಾನೂನು ಬೇಡ ಅನ್ನುವುದು ಅದನ್ನೇ, ಸಂಘ ಕೂತು ಬೆಲೆ ಕಟ್ಟುವುದನ್ನು. ಖರ್ಚು ಲೆಕ್ಕ ಹಾಕುವುದನ್ನು ಒಬ್ಬರಿಗೊಬ್ಬರು ಕಲಿಸಿ. ಲೆಕ್ಕ ಗೊತ್ತಿಲ್ಲದವನೇ ಎಲ್ಲರಿಗಿಂತ ಕಡಿಮೆ ರೇಟು ಹೇಳುವವನು. ಅವನು ನಿಮಗೆ ಹೊಡೆಯುವುದಕ್ಕಿಂತ ಮೊದಲು ತನಗೇ ಹೊಡೆದುಕೊಂಡಿರ್ತಾನೆ.

ಸಂಘ ಉದ್ಘಾಟನೆ ಅಂದರೆ ಯಾರಾದರೂ ಊರಾಳುಂಗಲ್ ಸೊಸೈಟಿಯ ಹೆಸರು ಎತ್ತಿಯೇ ಎತ್ತುತ್ತಾರೆ. 1925ರಲ್ಲಿ ಕೇರಳದ ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ ಹದಿನಾಲ್ಕು ಮಂದಿ ಶುರು ಮಾಡಿದ್ದು, ತಲಪಾಡಿಯಿಂದ ಚೆಂಗಳದವರೆಗಿನ ಹೆದ್ದಾರಿಯ ಕೆಲಸವೂ ಅವರದ್ದೇ ಅಂತ. ಎಲ್ಲ ಸರಿ, ದೊಡ್ಡ ಸಾಧನೆ. ಆದರೆ ಅದು ಕೆಲಸಗಾರರು ಕೂಡಿ ಕೆಲಸ ಹಿಡಿದು ಸಂಬಳ ಪಡೆಯುವ ಸಹಕಾರಿ ಸೊಸೈಟಿ. ನಾವು ಒಬ್ಬೊಬ್ಬರೇ ಕೆಲಸ ಹಿಡಿಯುವವರು, ಚಂದಾ ಕಟ್ಟಿ ಕೂಡುವವರು. ಅದನ್ನು ತೋರಿಸಿ ಇದಕ್ಕೆ ಚಂದಾ ಕೇಳುವುದು ಹಲಸು ತೋರಿಸಿ ಹೆಬ್ಬಲಸು ಮಾರಿದ ಹಾಗೆ.

ಇನ್ನೊಂದೆರಡು ಸಣ್ಣ ವಿಷಯ. ಸಣ್ಣ ಉದ್ದಿಮೆಗಳಿಗೆ ಸರಕಾರ ಮಾಡಿಕೊಡುವ ಉದ್ಯಮ್ ನೋಂದಣಿಯನ್ನು ತಾವು ಮಾಡಿಸಿಕೊಡ್ತೇವೆ ಅಂತ ಸಂಘವೋ ಏಜೆಂಟೋ ಹಣ ಕೇಳಿದರೆ ಕೊಡಬೇಡಿ, ಸರಕಾರದ ಸೈಟಿನಲ್ಲಿ ಅದು ಪುಕ್ಕಟೆ. ಕಟ್ಟಡ ಕೆಲಸದವರ ಸರಕಾರಿ ಕ್ಷೇಮನಿಧಿಗೂ ಸಂಘಕ್ಕೂ ಸಂಬಂಧ ಇಲ್ಲ. ನೀವು ಸಂಘಕ್ಕೆ ಸೇರಿ ಬಿಡಿ, ನಿಮ್ಮ ಹುಡುಗರನ್ನು ಕ್ಷೇಮನಿಧಿಗೆ ಸೇರಿಸಿ. ಮೀಟಿಂಗಿನ ನೋಟೀಸು ಮಲಯಾಳದಲ್ಲಿ ಮಾತ್ರ ಬಂದರೆ ಕನ್ನಡದಲ್ಲೂ ಕೇಳಿ. ಸರಕಾರಕ್ಕೇ ಕನ್ನಡದಲ್ಲಿ ಬರೆದು ಕನ್ನಡದಲ್ಲಿ ಉತ್ತರ ಪಡೆಯಲಿಕ್ಕೆ ಕೇರಳದ ಅಧಿಕೃತ ಭಾಷಾ ಕಾನೂನು ನಮಗೆ ಅವಕಾಶ ಕೊಟ್ಟಿರುವಾಗ, ನಮ್ಮದೇ ಚಂದಾ ತಿನ್ನುವ ಸಂಘದ ಹತ್ತಿರ ಕೇಳ್ಲಿಕ್ಕೆ ನಾಚಿಕೆ ಯಾಕೆ? ಸೈನು ಹಾಕುವವನಿಗೆ ಓದ್ಲಿಕ್ಕೆ ಬರಬೇಕು.

ಈಗ ಈ ರಶೀದಿ ಪುಸ್ತಕದ ಮಾತು. ನಮ್ಮ ಕಡೆ ನಡೆಯುವ 1860ರ ಸೊಸೈಟಿ ಕಾನೂನಿನಲ್ಲಿ ಏಳು ಜನ ಇದ್ದರೆ ಸಂಘ ನೋಂದಾಯಿಸಬಹುದು. ಇಲ್ಲಿ ಏಳಕ್ಕಿಂತ ಹೆಚ್ಚೇ ಇದ್ದೀರಿ. ನಾನು ರಶೀದಿ ಹರಿಸಿಕೊಳ್ತೇನೆ, ಆದರೆ ಒಂದು ಷರತ್ತು. ಸನ್ಮಾನ, ಶಾಲು, ಹಾರ ವರ್ಷಕ್ಕೊಮ್ಮೆ ಸಾಕು. ತಿಂಗಳಿಗೊಮ್ಮೆ ಕೂರಬೇಕು, ಪ್ರತಿ ಸಲ ಒಬ್ಬರು ತಮಗೆ ನಷ್ಟವಾದ ಒಂದು ಎಸ್ಟಿಮೇಟು ತಂದು ಎಲ್ಲರ ಎದುರು ಓದಬೇಕು. ಮುಳ್ಳೇರಿಯಾ, ಕುಂಬಳೆ, ಪೆರ್ಲದವರನ್ನೂ ಕರೆಯಿರಿ. ಪೈಪೋಟಿ ಇಲ್ಲದವನು ಸತ್ಯ ಹೇಳ್ತಾನೆ.

ಮೊದಲ ಸರದಿ ನನ್ನದೇ ಇರಲಿ. ನೀರ್ಚಾಲಿನ ಆ ಎಸ್ಟಿಮೇಟು ತಂದಿದ್ದೇನೆ, ಇದೇ ಕಾಗದ. ಕೈಯಿಂದ ಕೈಗೆ ದಾಟಿಸಿ ನೋಡಿ, ಪಕ್ಕಾಸು ಅನ್ನುವ ಶಬ್ದ ಎಲ್ಲಿಯಾದರೂ ಉಂಟಾ ಅಂತ. ಹಿಂಬದಿಯಲ್ಲಿ ಮನೆಯವಳು ಬರೆದ ಜೀನಸಿನ ಪಟ್ಟಿ ಉಂಟು, ಅದನ್ನು ಓದಬೇಡಿ. ಕಾಗದ ಮಾತ್ರ ನನಗೆ ವಾಪಸು ಬೇಕು.