ಕೋವಿ ಉಳಿಯಿತು, ಕೂಟ ಚದುರಿತು

ಎಲ್ಲರಿಗೂ ನಮಸ್ಕಾರ.

'ಬೇಟೆ, ಬಂದೂಕು ಮತ್ತು ಯುವಜನರ ನಿರಾಸಕ್ತಿ' ಎಂಬುದು ಸಂಘಟಕರು ಈ ಸಂಜೆಗೆ ಇಟ್ಟಿರುವ ಹೆಸರು. ಆಹ್ವಾನ ಪತ್ರಿಕೆ ನೋಡಿ ಇಬ್ಬರು ನನಗೆ ಫೋನ್ ಮಾಡಿದರು. ಒಬ್ಬರು ಸಕಲೇಶಪುರದ ಕಡೆಯ, ನಮ್ಮೂರಿನ ಹಿರಿಯರು. 'ಈಗಿನ ಹುಡುಗರಿಗೆ ಎದೆಗಾರಿಕೆ ಇಲ್ಲ. ಅಷ್ಟು ಹೇಳಿ ಬಾ, ಸಾಕು' ಎಂದರು. ಇನ್ನೊಬ್ಬ ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ. 'ಮಾವ, ಆಸಕ್ತಿ ಕುಗ್ಗಿದ್ದರೆ ಒಳ್ಳೆಯದೇ ಆಯಿತಲ್ಲ, ಅದಕ್ಕೂ ಉಪನ್ಯಾಸ ಬೇಕೇ?' ಎಂದ. ಇಬ್ಬರೂ ಒಂದು ವಿಷಯದಲ್ಲಿ ಒಮ್ಮತದಲ್ಲಿದ್ದಾರೆ: ಬದಲಾದದ್ದು ಹುಡುಗರ ಮನಸ್ಸು. ನನ್ನ ತಕರಾರು ಇರುವುದು ಅಲ್ಲಿಯೇ. ಮನಸ್ಸು ಬದಲಾಗುವ ಮೊದಲೇ ಊರು ಬದಲಾಗಿತ್ತು.

ತಪ್ಪು ತಿಳಿಯಬಾರದೆಂದು ಈಗಲೇ ಹೇಳಿಬಿಡುತ್ತೇನೆ. ಬೇಟೆ ಮರಳಿ ಬರಲಿ ಎನ್ನುವವನು ನಾನಲ್ಲ. ಕಾಡುಕುರಿ, ಕಡವೆಗಳು ನಮ್ಮ ತೋಟದ ಅಂಚಿನಲ್ಲಿ ಇವತ್ತಿಗೂ ಕಾಣಿಸುತ್ತಿದ್ದರೆ ಅದಕ್ಕೆ ಕಾನೂನು ಕಾರಣ. ನಮ್ಮ ಹಿರಿಯರ ಸಂಯಮವಲ್ಲ.

ಮಲೆನಾಡಿನಲ್ಲಿ, ಕೊಡಗಿನಲ್ಲಿ ಶಿಕಾರಿ ಎಂದರೆ ಒಬ್ಬನೇ ಕೋವಿ ಹಿಡಿದು ಕಾಡಿಗೆ ಹೋಗುವುದಾಗಿರಲಿಲ್ಲ. ರಾತ್ರಿ ಮರಸು ಕೂರುವವರು, ಅಂದರೆ ಮರೆಯಲ್ಲಿ ಹೊಂಚು ಹಾಕಿ ಕಾಯುವವರು ಇದ್ದರು, ನಿಜ. ಆದರೆ ಊರು ನೆನಪಿಟ್ಟುಕೊಂಡದ್ದು ಗುಂಪಿನ ಬೇಟೆಯನ್ನು. ಸುಗ್ಗಿ ಮುಗಿದು ಗದ್ದೆ ಬರಿದಾದ ಮೇಲೆ ಜನ ಸೇರುತ್ತಿದ್ದರು. ಕೋವಿ ಇದ್ದವರು ನಾಲ್ಕಾರು ಮಂದಿ. ಉಳಿದವರ ಕೈಯಲ್ಲಿ ಕತ್ತಿ, ದೊಣ್ಣೆ, ತಗಡಿನ ಡಬ್ಬ. ಹಂದಿ ಯಾವ ಕಂಡಿಯಲ್ಲಿ ದಾಟುತ್ತದೆ ಎಂಬುದನ್ನು ಹೆಜ್ಜೆ ಬಲ್ಲವನೊಬ್ಬ ಹಿಂದಿನ ದಿನವೇ ನೋಡಿ ಬಂದಿರುತ್ತಿದ್ದ. ಕೋವಿಯವರು ಆ ಕಂಡಿಗಳಲ್ಲಿ ಬಿಲ್ಲಿಗೆ, ಅಂದರೆ ಪ್ರಾಣಿಗಾಗಿ ಕಾಯುವ ಜಾಗದಲ್ಲಿ, ನಿಲ್ಲುತ್ತಿದ್ದರು. ಉಳಿದವರು ನಾಯಿಗಳನ್ನು ಕಟ್ಟಿಕೊಂಡು ಹಳುವಿಗೆ, ಅಂದರೆ ಪೊದೆಗಾಡಿಗೆ ನುಗ್ಗಿ ಕೂಗುತ್ತಾ ಸೋಯುತ್ತಿದ್ದರು, ಪ್ರಾಣಿಯನ್ನು ಎಬ್ಬಿಸಿ ಬಿಲ್ಲಿನ ಕಡೆಗೆ ಓಡಿಸುತ್ತಿದ್ದರು. ಹೊಸದಾಗಿ ಬಿಲ್ಲಿಗೆ ನಿಂತ ಹುಡುಗನಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ ಗುರಿ ಇಡುವುದಲ್ಲ, ಯಾವ ದಿಕ್ಕಿಗೆ ಈಡು ಹಾರಿಸಬಾರದು ಎಂಬುದು. ಪಕ್ಕದ ಬಿಲ್ಲಿನಲ್ಲಿ ಯಾರು ನಿಂತಿದ್ದಾರೆ, ಸೋಯುವವರು ಎಷ್ಟು ಹತ್ತಿರ ಬಂದರು, ಗಾಳಿ ಎತ್ತಲಿಂದ ಬೀಸುತ್ತಿದೆ, ಪೊದೆ ಅಲುಗಿದ್ದು ಹಂದಿಯಿಂದಲೋ ಮನುಷ್ಯನಿಂದಲೋ, ಇಷ್ಟನ್ನೂ ಲೆಕ್ಕ ಹಾಕಿದ ಮೇಲೆ ಕೋವಿಯ ಕುದುರೆಯ ಮೇಲೆ ಬೆರಳು. ಪಾಲು ಹಾಕುವಾಗ ಈಡು ಹೊಡೆದವನಿಗೆ ಒಂದು ಗೌರವದ ಭಾಗ. ಬರಿಗೈಯಲ್ಲಿ ಬಂದವನಿಗೂ ಪಾಲು, ನಾಯಿಗೂ ಪಾಲು.

ಕೇಳಲು ಚೆನ್ನಾಗಿದೆ, ಅಲ್ಲವೇ? ಇದನ್ನು ಹೀಗೆ ಸೊಗಸಾಗಿ ಹೇಳಿ ನಿಲ್ಲಿಸುವವರೇ ಹೆಚ್ಚು. ಆದರೆ ಕೋವಿ ಯಾರದಾಗಿತ್ತು? ಜಮೀನಿದ್ದವರದು. ಮುಳ್ಳಿನ ಹಳುವಿಗೆ ನುಗ್ಗುತ್ತಿದ್ದ ಮೈ ಯಾರದು? ಆ ಜಮೀನಿನಲ್ಲಿ ದುಡಿಯುತ್ತಿದ್ದವರದು. ಗಾಯಗೊಂಡ ಹಂದಿ ತಿರುಗಿ ಬಿದ್ದಾಗ ಮೊದಲು ಸಿಗುತ್ತಿದ್ದವನು ಕೂಲಿಯವನೇ. ಆ ಕೂಲಿಯವನ ಮಗ ಓದಿದ, ಗಾರೆ ಕೆಲಸಕ್ಕೋ ಡ್ರೈವರ್ ಕೆಲಸಕ್ಕೋ ಪೇಟೆಗೆ ಹೋದ, 'ಗೌಡರು ಕರೆದರು' ಎಂಬ ಕಾರಣಕ್ಕೆ ಹಳು ಸೋಯಲು ಬರುವುದನ್ನು ನಿಲ್ಲಿಸಿದ. ಅದನ್ನು ನಿರಾಸಕ್ತಿ ಎಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ. ಅದು ಬಿಡುಗಡೆ. ಕೂಟದಿಂದ ಮೊದಲು ಹೊರಬಂದವರು ಅವರು. ಸೋಯುವವರಿಲ್ಲದ ಮೇಲೆ ಬಿಲ್ಲಿಗೆ ನಿಂತವನು ಏನು ಕಾಯುತ್ತಾನೆ?

ಇನ್ನು ಕಾನೂನು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಮರುದಿನವೇ ಬೇಟೆ ನಿಂತಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಾಗಲಿಲ್ಲ. ಆ ಕಾಯ್ದೆಯಲ್ಲಿಯೇ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಉಳಿದುಕೊಂಡಿತ್ತು; ಅದನ್ನು ತೆಗೆದುಹಾಕಿದ್ದು 1991ರ ತಿದ್ದುಪಡಿ. ಕಾಗದದಲ್ಲಿ ಎರಡು ದಶಕ, ಊರಿನಲ್ಲಿ ಇನ್ನೂ ಕೆಲವು ವರ್ಷ ಹೆಚ್ಚು. ಆದರೆ ಕಾನೂನು ಒಂದು ಕೆಲಸವನ್ನು ಖಂಡಿತ ಮಾಡಿತು: ಎಲ್ಲರ ಎದುರು ಹೆಮ್ಮೆಯಿಂದ ನಡೆಯುತ್ತಿದ್ದದ್ದನ್ನು ಕದ್ದು ಮಾಡುವ ಕೆಲಸವಾಗಿಸಿತು. ಕದ್ದು ಮಾಡುವ ಕೆಲಸವನ್ನು ಅಪ್ಪ ಮಗನಿಗೆ ಕಲಿಸುವುದಿಲ್ಲ.

ಕೊಡಗಿನ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಅಲ್ಲಿ ಕೋವಿಗೆ ಇರುವ ಸ್ಥಾನ ಬೇರೆಲ್ಲೂ ಇಲ್ಲ. 1857ರ ದಂಗೆಯ ನಂತರ ಬ್ರಿಟಿಷರು ದೇಶದ ಜನರನ್ನು ನಿಶ್ಶಸ್ತ್ರಗೊಳಿಸುತ್ತಿದ್ದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿಯೂ ಅದು ಮುಂದುವರಿಯಿತು: ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿಯನ್ನು 2021ರಲ್ಲಿ ನ್ಯಾಯಾಲಯ ತಳ್ಳಿಹಾಕಿತು.

ಅಂದರೆ, ಕೋವಿ ಸಿಗುವುದು ಕಷ್ಟ ಎಂಬ ಕಾರಣ ಕೊಡಗಿನಲ್ಲಿ ನಡೆಯುವುದಿಲ್ಲ. ಹಬ್ಬಗಳೂ ಇವೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೊಳ್ದ್ ಬರುತ್ತದೆ. ಕೋವಿಯನ್ನು ಒರೆಸಿ, ಗಂಧವಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ತೋಕ್ ಎಂದರೆ ಕೋವಿ. ಆ ಹೂವನ್ನು ನಾವು ಘಟ್ಟದ ಈಚೆ ಗೌರಿ ಹೂವು ಎನ್ನುತ್ತೇವೆ. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಂಚೆ ಒಂದು ಈಡು. ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಹುಲಿ ಹೊಡೆದವನಿಗೆ ಮದುಮಗನಂತೆ ಸಿಂಗರಿಸಿ ಕೂರಿಸಿ 'ನರಿ ಮಂಗಲ' ಮಾಡುತ್ತಿದ್ದ ಕಾಲವೂ ಇತ್ತು; ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ.

ಹೀಗೆ ಕೋವಿಯೂ ಇದೆ, ವಿನಾಯಿತಿಯೂ ಇದೆ, ಹಬ್ಬವೂ ಇದೆ. ಆದರೂ ಕೊಡಗಿನ ಹುಡುಗನಿಗೆ ಬೇಟೆ ಬೇಡವಾಗಿದೆ. ನಾನು ಹುಡುಕಿದ ಉತ್ತರ ಗದ್ದೆಯಲ್ಲಿದೆ. ಕೈಲ್‌ಪೊಳ್ದ್‌ನ ಕ್ರಮವನ್ನೇ ಗಮನಿಸಿ. ನಾಟಿಯ ದಿನಗಳಲ್ಲಿ ಕೋವಿ ಕನ್ನಿಕೊಂಬರೆಯಲ್ಲಿ, ದೇವರ ಕೋಣೆಯಲ್ಲಿ ವಿಶ್ರಾಂತಿ ಪಡೆಯುತ್ತದೆ. ನಾಟಿ ಮುಗಿದು ಪೈರು ಹಂದಿಗೆ ರುಚಿಸುವ ಹೊತ್ತಿಗೆ ಹೊರಗೆ ಬರುತ್ತದೆ. ಕೋವಿ ಬೇಸಾಯದ ಸಲಕರಣೆಯಾಗಿತ್ತು. ಈಗ ಎಷ್ಟೋ ಕಡೆ ಗದ್ದೆ ಪಾಳು ಬಿದ್ದಿದೆ ಅಥವಾ ಶುಂಠಿಗೆ ಗುತ್ತಿಗೆ ಹೋಗಿದೆ. ಕೂಲಿಯವರು ಸಿಗುವುದಿಲ್ಲ, ಭತ್ತದಲ್ಲಿ ಅಸಲೂ ಹುಟ್ಟುವುದಿಲ್ಲ. ಐನ್‌ಮನೆಗೆ, ಅಂದರೆ ಕುಲದ ಮೂಲ ಮನೆಗೆ, ಒಕ್ಕದವರು, ಆ ಕುಲದವರು, ವರ್ಷಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುತ್ತಾರೆ. ಗದ್ದೆಯೇ ಇಲ್ಲದ ಮೇಲೆ ಕಾಯುವುದು ಏನನ್ನು? ಪಂದಿಕರಿಗೆ ಹಂದಿ ಮಾರುಕಟ್ಟೆಯಲ್ಲಿಯೇ ಸಿಗುತ್ತದೆ. ಕಾಚಂಪುಳಿ ಎಂಬ ಹುಳಿ ಹಾಕಿದರೆ ರುಚಿಯಲ್ಲಿ ದೊಡ್ಡ ವ್ಯತ್ಯಾಸವೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ; ಇದನ್ನು ಮಡಿಕೇರಿಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ಒಕ್ಕಗಳ ಉತ್ಸಾಹ ಮಾತ್ರ ಎಲ್ಲಿಯೂ ಹೋಗಿಲ್ಲ, ಜಾಗ ಬದಲಿಸಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ 60 ತಂಡಗಳಿಂದ ಬೆಳೆದು 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಮುಟ್ಟಿತು. ಹಿಂದೆ ಕುಟುಂಬದ ಗಂಡಸರನ್ನು ಒಟ್ಟಿಗೆ ತರುತ್ತಿದ್ದ ಕೆಲಸವನ್ನು ಈಗ ಹಾಕಿ ಕೋಲು ಮಾಡುತ್ತಿದೆ, ಹೆಂಗಸರನ್ನೂ ಸೇರಿಸಿಕೊಂಡು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಜನ ಸೇರುತ್ತಾರೆ; ಅಲ್ಲಿಯೂ ಹೆಣ್ಣುಮಕ್ಕಳು ಕೋವಿ ಹಿಡಿಯುತ್ತಾರೆ. ಬೇಟೆಯ ಕಾಲದಲ್ಲಿ ಇದು ಸಾಧ್ಯವಿತ್ತೇ?

ಗುರಿಯ ಆಸೆಯೂ ಸತ್ತಿಲ್ಲ. ಬೀಜಿಂಗ್‌ನಲ್ಲಿ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಮೇಲೆ, 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದ ಮೇಲೆ ನಗರಗಳ ಶೂಟಿಂಗ್ ರೇಂಜ್‌ಗಳಿಗೆ ಮಕ್ಕಳನ್ನು ಕರೆತರುವ ತಂದೆತಾಯಿಗಳು ಕಾಣಿಸುತ್ತಾರೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದವರು. ಆದರೆ ಇದು ಬೇರೆಯೇ ವಿದ್ಯೆ. ಏರ್ ರೈಫಲ್‌ನಲ್ಲಿ 10 ಮೀಟರ್ ದೂರದ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಗುರಿ ಅಲ್ಲಾಡುವುದಿಲ್ಲ. ಕಲಿಯಬೇಕಾದದ್ದೆಲ್ಲ ತನ್ನ ಉಸಿರಿನ ಬಗ್ಗೆ. ಹಳ್ಳಿಯ ಬೇಟೆಗಾರ ಕಲಿತದ್ದು ತನ್ನ ಹೊರಗಿನದನ್ನು.

ಲೈಸೆನ್ಸ್ ಇರುವ ಉಳಿದ ಮಲೆನಾಡಿನವರ ಪಾಡು ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಬೆಳೆ ರಕ್ಷಣೆಗೆಂದು ಅಜ್ಜ ತೆಗೆದುಕೊಂಡ ಒಂಟಿ ನಳಿಗೆ ಕೋವಿ. ಅಜ್ಜ ತೀರಿಕೊಂಡರೆ ಹೆಸರು ಬದಲಾವಣೆಗೆ ಅರ್ಜಿ, ಪೊಲೀಸ್ ವರದಿ, ತರಬೇತಿಯ ಪ್ರಮಾಣಪತ್ರ. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದ್ದು ಒಂದು ಸಮಾಧಾನ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಹೊತ್ತೊಯ್ದು ಠೇವಣಿ ಇಡಬೇಕು. ಲೋಕಸಭೆ, ವಿಧಾನಸಭೆ, ಪಂಚಾಯಿತಿ: ಮತದಾರನಿಗಿಂತ ಹೆಚ್ಚು ನಿಷ್ಠೆಯಿಂದ ಚುನಾವಣೆಯಲ್ಲಿ ಪಾಲ್ಗೊಳ್ಳುವುದು ನಮ್ಮ ಕೋವಿಯೇ. ಬೆಂಗಳೂರಿನಲ್ಲಿರುವ ಮಗ ಇದಕ್ಕೆಲ್ಲ ರಜೆ ಹಾಕಿ ಬರುತ್ತಾನೆಯೇ? 'ಸರೆಂಡರ್ ಮಾಡಿಬಿಡಿ ಅಪ್ಪ' ಎನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಹಾಗಾದರೆ ಸೋದರಳಿಯ ಹೇಳಿದಂತೆ ಎಲ್ಲ ಒಳ್ಳೆಯದೇ ಆಯಿತೇ? ಇಲ್ಲಿ ನಾನು ಅವನಿಂದ ಬೇರೆಯಾಗುತ್ತೇನೆ.

ಕಾಡುಪ್ರಾಣಿಯನ್ನು ಎದುರಿಸಬೇಕಾದ ಸಂದರ್ಭ ಹೋಗಿಲ್ಲ. ಎದುರಿಸಲು ಗೊತ್ತಿರುವವರು ಹೋಗುತ್ತಿದ್ದಾರೆ. 2016ರಲ್ಲಿ ಬಿಹಾರದ ಮೊಕಾಮಾದಲ್ಲಿ ಬೆಳೆ ತಿನ್ನುತ್ತಿದ್ದ ನೀಲಗಾಯ್‌ಗಳನ್ನು ಕೊಲ್ಲಲು ಸರ್ಕಾರ ತೀರ್ಮಾನಿಸಿದಾಗ, ಕೋವಿ ಹಿಡಿಯುವವರನ್ನು ಹೈದರಾಬಾದಿನಿಂದ ಕರೆಸಿತು. ಕೊಂದದ್ದು ಸರಿಯೇ ಎಂಬುದರ ಬಗ್ಗೆ ಕೇಂದ್ರದ ಇಬ್ಬರು ಮಂತ್ರಿಗಳೇ ಬಹಿರಂಗವಾಗಿ ಜಗಳವಾಡಿದರು. ಅಷ್ಟು ದೂರದಿಂದ ಜನರನ್ನು ಏಕೆ ಕರೆಸಬೇಕಾಯಿತು ಎಂದು ಕೇಳಿದವರು ಕಡಿಮೆ. ಕೊಡಗಿನ ಪಕ್ಕದ ಕೇರಳದಲ್ಲಿ 2022ರಲ್ಲಿ ಕಾಡುಹಂದಿ ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟರು. ಆದೇಶ ಬಂತು. ಲೈಸೆನ್ಸ್ ಇರುವ, ಕೈ ನಡುಗದ ಗುರಿಕಾರರು ಎಷ್ಟೋ ಪಂಚಾಯಿತಿಗಳಲ್ಲಿ ಸಿಗಲಿಲ್ಲ.

ಜಪಾನಿನದು ಇನ್ನೂ ಮುಂದುವರಿದ ಕಥೆ. ಅಲ್ಲಿ 1970ರ ದಶಕದಲ್ಲಿ ಸುಮಾರು ಐದು ಲಕ್ಷ ಬೇಟೆಗಾರರಿದ್ದರು. ಈಗ ಅದರ ಅರ್ಧಕ್ಕಿಂತ ಕಡಿಮೆ, ಅವರಲ್ಲಿಯೂ ಹೆಚ್ಚಿನವರು ಅರವತ್ತು ದಾಟಿದವರು. ಹಳ್ಳಿಗಳು ಖಾಲಿಯಾದಂತೆ ಕರಡಿಗಳು ಮನೆ ಬಾಗಿಲಿಗೆ ಬಂದವು. 2025ರ ನವೆಂಬರ್‌ನಲ್ಲಿ ಅಕಿತಾ ಪ್ರಾಂತ್ಯಕ್ಕೆ ಸೈನಿಕರನ್ನು ಕಳಿಸಬೇಕಾಯಿತು. ಅವರು ಕರಡಿಗೆ ಗುಂಡು ಹಾರಿಸಲು ಹೋದವರಲ್ಲ. ಬೋನು ಸಾಗಿಸಲು, ಮುದುಕರಾದ ಬೇಟೆಗಾರರಿಗೆ ಕೈ ಜೋಡಿಸಲು ಹೋದವರು.

ಅಷ್ಟು ದೂರವೂ ಬೇಡ. ನಮ್ಮ ಆಲೂರು ತಾಲ್ಲೂಕಿನಲ್ಲಿ 2023ರ ಆಗಸ್ಟ್ ಕೊನೆಯಲ್ಲಿ ಭೀಮ ಎಂಬ ಕಾಡಾನೆಗೆ ಗಾಯವಾಗಿತ್ತು. ಚಿಕಿತ್ಸೆಗಾಗಿ ಅರಿವಳಿಕೆ ಚುಚ್ಚುಮದ್ದು ಹೊಡೆಯಬೇಕಿತ್ತು. ಆ ಕೆಲಸಕ್ಕೆ ಹೋದವರು ಅರಣ್ಯ ಇಲಾಖೆಯಿಂದ ನಿವೃತ್ತರಾಗಿದ್ದ ಹಿರಿಯರು. ಮದ್ದು ತಗುಲಿದ ಆನೆ ತಿರುಗಿ ಬಂತು, ಅವರು ತೀರಿಕೊಂಡರು. ನಿವೃತ್ತರನ್ನೇ ಮತ್ತೆ ಕರೆಯಬೇಕಾದಷ್ಟು ಆ ವಿದ್ಯೆ ವಿರಳವಾಗಿದೆ ಎಂಬುದನ್ನು ಆ ದಿನ ನಾವು ನೋಡಿದೆವು. ಅದೇ ವರ್ಷ ಡಿಸೆಂಬರ್‌ನಲ್ಲಿ ಯಸಳೂರಿನ ಕಾಡಿನಲ್ಲಿ ಅಂಬಾರಿ ಹೊತ್ತ ಅರ್ಜುನನೂ ಕಾರ್ಯಾಚರಣೆಯಲ್ಲಿಯೇ ಸತ್ತ.

ಇನ್ನೊಂದು ವಿಷಯವನ್ನು ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಕೋವಿ ಮೌನವಾದ ಜಾಗಕ್ಕೆ ಉರುಳು ಬಂದಿದೆ. ಬೈಕಿನ ಕ್ಲಚ್ ತಂತಿ ಸಾಕು, ನಿಪುಣತೆ ಬೇಡ, ಧೈರ್ಯ ಬೇಡ, ಕೂಟ ಬೇಡ. ಹಂದಿಗೆ ಇಟ್ಟದ್ದಕ್ಕೆ ಚಿರತೆ ಸಿಕ್ಕಿಕೊಳ್ಳುತ್ತದೆ. ಬೇಲಿಗೆ ನೇರವಾಗಿ ಕರೆಂಟ್ ಹರಿಸಿ ಆನೆ ಕೊಂದ ಪ್ರಕರಣಗಳನ್ನೂ ಓದುತ್ತಿದ್ದೇವೆ. ನಮ್ಮ ಹಿರಿಯರು 'ಈಗಿನವರಿಗೆ ಎದೆಗಾರಿಕೆ ಇಲ್ಲ' ಎಂದರಲ್ಲ, ಅವರ ಮಾತಿನಲ್ಲಿ ನಾನು ಒಪ್ಪುವ ಒಂದೇ ಒಂದು ಅಂಶ ಇದು. ಆದರೆ ಉರುಳು ಇಡುವವರೆಲ್ಲ ಹುಡುಗರೇನೂ ಅಲ್ಲ.

ಆದ್ದರಿಂದ ನನ್ನ ಬೇಡಿಕೆ ಹುಡುಗರಲ್ಲಿ ಅಲ್ಲ, ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ವಯಸ್ಸಿನವರಲ್ಲಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಲ್ಲಿ ನಮ್ಮ ಊರಿನ ಹುಡುಗರೇ ದಿನಗೂಲಿಗೆ ದುಡಿಯುತ್ತಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ 'ಆನೆ ಇಂಥ ತೋಟದಲ್ಲಿದೆ' ಎಂದು ಸಂದೇಶ ಹಾಕುವ ಮೊದಲು ಅವರು ಕತ್ತಲಲ್ಲಿ ಹೆಜ್ಜೆ ಹುಡುಕಿಕೊಂಡು ನಡೆದಿರುತ್ತಾರೆ. ಹೆಜ್ಜೆಯ ಅಂಚು ಒಣಗಿದೆಯೇ, ಲದ್ದಿ ಬಿಸಿಯಾಗಿದೆಯೇ, ಗಾಳಿ ಯಾವ ಕಡೆಗಿದೆ ಎಂಬುದನ್ನು ನೀವು ಅವರಿಗೆ ಹೇಳಿಕೊಡಬಹುದು. ದುಬಾರೆ, ಮತ್ತಿಗೋಡು ಶಿಬಿರಗಳಲ್ಲಿ ಜೇನುಕುರುಬರು ಇದನ್ನು ಕೋವಿ ಇಲ್ಲದೆಯೇ ತಮ್ಮ ಮಕ್ಕಳಿಗೆ ದಾಟಿಸುತ್ತಾ ಬಂದಿದ್ದಾರೆ, ಕಲಿಯಲು ಕೊಲ್ಲಬೇಕಾಗಿಲ್ಲ. ನೀವು ಬಿಲ್ಲಿಗೆ ನಿಲ್ಲುತ್ತಿದ್ದ ಕಂಡಿಗಳಿಗೆಲ್ಲ ಒಂದೊಂದು ಹೆಸರಿತ್ತು. ಆನೆ ಇವತ್ತಿಗೂ ಹೆಚ್ಚುಕಡಿಮೆ ಅವೇ ಕಂಡಿಗಳಲ್ಲಿ ದಾಟುತ್ತದೆ. ಆ ಹೆಸರುಗಳನ್ನು, ಅವು ಯಾವ ತಿರುವಿನಲ್ಲಿವೆ ಎಂಬುದನ್ನು ಆ ಹುಡುಗರ ಮೊಬೈಲಿನ ನಕ್ಷೆಗೆ ಹಾಕಿಸಿ. ಶಿಕಾರಿಯ ಕಥೆ ಹೇಳುವಾಗ ಹಂದಿಯ ಗಾತ್ರ ಪ್ರತಿ ವರ್ಷ ಬೆಳೆಯುವುದನ್ನು ಅವರು ಸಹಿಸಿಕೊಳ್ಳುತ್ತಾರೆ, ಕಂಡಿಯ ಜಾಗ ಮಾತ್ರ ಸರಿಯಾಗಿ ಹೇಳಿ.

ಈಗ ಪ್ರಶ್ನೆಗಳಿಗೆ ಸಮಯವಿದೆ. ಚುನಾವಣೆಗೆ ಠೇವಣಿ ಇಟ್ಟ ಕೋವಿಯ ವಿಚಾರ ಕೇಳಬೇಕೆಂದು ಕಾದು ಕುಳಿತಿರುವವರು ದಯವಿಟ್ಟು ಕೊನೆಗೆ ಕೇಳಿ. ಅದನ್ನು ಮೊದಲೇ ತೆಗೆದರೆ ಬೇರೆ ಯಾರಿಗೂ ಮೈಕ್ ಸಿಗುವುದಿಲ್ಲ.