ಗೇರ್‌ಬಾಕ್ಸ್ ಇಳಿಸೋಕೆ ಮುಂಚೆ ಡ್ರೈವರ್ ಮಾತು ಕೇಳ್ರಿ

ಎಲ್ಲಾರಿಗೂ ನಮಸ್ಕಾರ ರೀ. ಹಿಂದೆ ನಿಂತಿರೋ ಐಟಿಐ ಹುಡುಗ್ರು ಮುಂದೆ ಬಂದು ಕೂತ್ಕೊಳ್ರಿ, ಫ್ಯಾನ್ ಈ ಕಡೆ ಐತೆ, ಬಳ್ಳಾರಿ ಬಿಸಿಲಾಗೆ ನಿಂತು ಕೇಳೋ ಅಷ್ಟು ಸಣ್ಣ ವಿಷಯ ಅಲ್ಲ ಇದು.

ಹಳೇ ಗಾಡಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸ್ಲಿಪ್ ಹೊಡೆದ್ರೆ, ಅಂದ್ರೆ ಇಂಜಿನ್ ತಿರುಗಿದ್ರೂ ಎಳೆತ ಚಕ್ರಕ್ಕೆ ಸರಿಯಾಗಿ ಹೋಗದೇ ಒಳಗೇ ಜಾರಿದ್ರೆ, ಎಲ್ಲಿಂದ ಹುಡುಕಬೇಕು ಅಂತ ಮಾತಾಡೋಕೆ ಕರೆದಿದಾರೆ. ನಮ್ಮೂರಾಗೆ ಆಟೋಮ್ಯಾಟಿಕ್ ಲಾರಿ ಎಲ್ಲೈತೆ ಮೇಸ್ತ್ರಿ ಅಂತ ಬಾಗಿಲಲ್ಲೇ ಒಬ್ರು ಕೇಳಿದ್ರು. ಹೌದು, ಹೊಸಪೇಟೆ ರೋಡಾಗೆ ಓಡೋ ಹಳೇ ಲಾರಿ ಹೆಚ್ಚುಕಮ್ಮಿ ಎಲ್ಲಾ ಕ್ಲಚ್ ತುಳಿಯೋವೇ. ಆದ್ರೆ ಸಂಡೂರು ಕಡೆ ಗಣಿಯೊಳಗೆ ಓಡೋ ದೊಡ್ಡ ಡಂಪರ್, ತೋರಣಗಲ್ ಕಡೆ ಕೆಲಸ ಮಾಡೋ ದೊಡ್ಡ ಕ್ರೇನ್, ಡಂಪರ್ ಹಳೇದಾದ ಮೇಲೆ ಅದಕ್ಕೇ ಟ್ಯಾಂಕ್ ಕೂಡ್ಸಿ ಧೂಳಿಗೆ ನೀರು ಹೊಡಿಯೋಕೆ ಬಿಟ್ಟಿರೋ ಟ್ಯಾಂಕರ್, ಇವುಗಳಾಗೆ ಭಾಳಷ್ಟು ಆಟೋಮ್ಯಾಟಿಕ್ಕೇ. ಇವು ಸ್ಲಿಪ್ ಹೊಡೆದಾಗ ನಮ್ಮ ಹುಡುಗ್ರು ಲಾರಿ ಕ್ಲಚ್ಚಿನ ಲೆಕ್ಕದಾಗೆ ನೋಡ್ತಾರೆ, ಸೀದಾ ಜಾಕ್ ಕೊಟ್ಟು ಇಳಿಸಿಬಿಡ್ತಾರೆ. ಅದನ್ನ ನಿಲ್ಲಿಸ್ರಿ ಅಂತ ಕೇಳ್ಕೊಳ್ಳೋಕೆ ಬಂದೀನಿ ನಾನು.

ಮೊದಲು ಒಳಗೆ ಏನೈತೆ ಅನ್ನೋದು ನೋಡೋಣ. ಮನೇಲಿ ಅವ್ವ ಮಜ್ಜಿಗೆ ಕಡಿಯೋದು ನೋಡಿರ್ತೀರಿ, ಕಡಗೋಲು ತಿರುಗಿದ್ರೆ ಮಜ್ಜಿಗೆನೂ ಸುತ್ತುತೈತೆ, ಆ ಸುತ್ತೋ ಮಜ್ಜಿಗೆಯೊಳಗೆ ಇನ್ನೊಂದು ಕಡಗೋಲು ಸುಮ್ನೆ ಇಳಿಬಿಟ್ರೆ ಅದೂ ತಿರುಗೋಕೆ ಶುರು ಮಾಡ್ತೈತೆ. ಟಾರ್ಕ್ ಕನ್ವರ್ಟರ್ ಅಂದ್ರೆ ಅಷ್ಟೇ, ಇಂಜಿನ್ ಕಡೆ ಒಂದು ಚಕ್ರ, ಗೇರ್‌ಬಾಕ್ಸ್ ಕಡೆ ಒಂದು ಚಕ್ರ, ನಡುವೆ ಆಯಿಲ್, ಆ ಎರಡರ ಮಧ್ಯೆ ಸ್ಟೇಟರ್ ಅಂತ ಇನ್ನೊಂದು ಸಣ್ಣ ಚಕ್ರ ಕೂತು ವಾಪಸ್ ಬರೋ ಆಯಿಲ್ ದಿಕ್ಕು ತಿರುಗ್ಸಿ ಎಳೆತ ಹೆಚ್ಚು ಮಾಡ್ತೈತೆ. ಇದನ್ನ ಕಂಡುಹಿಡಿದೋನು ಹರ್ಮನ್ ಫೋಟಿಂಗರ್ ಅಂತ ಜರ್ಮನಿಯ ಇಂಜಿನಿಯರು, 1905ರಲ್ಲಿ, ಅದೂ ಲಾರಿಗಲ್ಲ ಹಡಗಿಗೆ. ಕನ್ವರ್ಟರ್ ಹಿಂದೆ ಗೇರುಗಳು, ಆ ಗೇರುಗಳನ್ನ ಹಿಡಿಯೋಕೆ ಬಿಡೋಕೆ ಕ್ಲಚ್ ಪ್ಯಾಕು. ಒಂದು ಸ್ಟೀಲ್ ಪ್ಲೇಟು, ಒಂದು ಫ್ರಿಕ್ಷನ್ ಪ್ಲೇಟು, ಮತ್ತೆ ಸ್ಟೀಲು, ಮತ್ತೆ ಫ್ರಿಕ್ಷನ್ನು, ಹಿಂಗೆ ರೊಟ್ಟಿ ಅಡಕಿದಂಗೆ ಜೋಡಿಸಿರ್ತಾರೆ, ಅದನ್ನ ಒತ್ತಿ ಹಿಡಿಯೋದು ಸ್ಪ್ರಿಂಗ್ ಅಲ್ಲ, ಆಯಿಲ್ ಪ್ರೆಷರ್, ಆ ಪ್ರೆಷರ್ ಎಬ್ಬಿಸೋದು ಗೇರ್‌ಬಾಕ್ಸಿನ ಪಂಪು. ಇದೊಂದು ತಲೇಲಿ ಕೂತ್ಕೊಂಡ್ರೆ ಅರ್ಧ ಕೆಲಸ ಆಯ್ತು. ಲಾರಿ ಕ್ಲಚ್ಚಿನಾಗೆ ಸ್ಪ್ರಿಂಗ್ ಒತ್ತುತೈತೆ, ಅಲ್ಲಿ ಸ್ಲಿಪ್ ಅಂದ್ರೆ ಪ್ಲೇಟ್ ಸವೆದಿರಬೇಕು ಇಲ್ಲಾ ಸೀಲಿಂದ ಆಯಿಲ್ ಬಿದ್ದಿರಬೇಕು ಇಲ್ಲಾ ಪೆಡಲ್ ಪ್ಲೇ, ಅಂದ್ರೆ ಪೆಡಲ್ಲಿಗೆ ಇರಬೇಕಾದ ಸಡಿಲ, ಇಲ್ಲದಂಗೆ ಆಗಿರಬೇಕು. ಇಲ್ಲಿ ಪ್ಲೇಟ್ ಹೊಸದಿದ್ರೂ ಪ್ರೆಷರ್ ಬರ್ಲಿಲ್ಲ ಅಂದ್ರೆ ಜಾರಿಯೇ ಜಾರ್ತೈತೆ.

ಇನ್ನೊಂದು ಮುಂಚೆನೇ ಹೇಳಿಬಿಡ್ತೀನಿ, ಗಾಡಿ ಎಳೀತಿಲ್ಲ ಅಂದ್ರೆಲ್ಲಾ ಸ್ಲಿಪ್ ಅಲ್ಲ. ರೇಸ್ ಕೊಟ್ರೆ ಆರ್‌ಪಿಎಂ ಮುಳ್ಳು ಏರಿ ಗಾಡಿ ಸ್ಪೀಡು ಏರದೇ ಇದ್ರೆ ಸ್ಲಿಪ್. ಮುಳ್ಳೇ ಏರ್ತಿಲ್ಲ, ಗಾಡಿ ಮುಕ್ಕರಿತೈತೆ ಅಂದ್ರೆ ಅದು ಇಂಜಿನ್ನು, ಡೀಸೆಲ್ ಫಿಲ್ಟರೋ ಟರ್ಬೋ ಪೈಪೋ ನೋಡ್ರಿ, ಗೇರ್‌ಬಾಕ್ಸ್ ಮುಟ್ಟಬ್ಯಾಡ್ರಿ.

ಈಗ ಡ್ರೈವರ್ ವಿಷಯ. ನಾನು ಕೆಲಸ ಕಲ್ತು ಕೆಲವು ವರ್ಷ ಆಗಿತ್ತು, ಕೈಯಲ್ಲಿ ಧೈರ್ಯ ಜಾಸ್ತಿ ಇತ್ತು. ಒಂದು ಹಳೇ ವಾಟರ್ ಟ್ಯಾಂಕರ್ ಬಂತು, ಮೂರು ನಾಲ್ಕನೇ ಗೇರಿನಾಗೆ ಸ್ಲಿಪ್. ವಯಸ್ಸಾದ ಡ್ರೈವರ್ ಅಣ್ಣ ನನ್ನ ಹಿಂದೇನೆ ಓಡಾಡ್ತಾ ಒಂದೇ ಮಾತು ಹೇಳ್ತಿದ್ದ, ಮೇಸ್ತ್ರಿ, ಬೆಳಿಗ್ಗೆ ಚೆನ್ನಾಗಿ ಓಡ್ತೈತೆ, ಒಂದು ತಾಸು ಓಡಿದ ಮೇಲೆ ಕುಂಯ್ ಅಂತ ಸೌಂಡ್ ಬಂದು ಜಾರೋಕೆ ಶುರು ಮಾಡ್ತೈತೆ, ನಿಲ್ಲಿಸಿ ಚಾ ಕುಡಿದು ಬಂದ್ರೆ ಮತ್ತೆ ಸರಿ ಹೋಗ್ತೈತೆ ಅಂತ. ನಾನು ಆಯ್ತಣ್ಣ ಆಯ್ತಣ್ಣ ಅಂದೆ, ಕೇಳಲಿಲ್ಲ. ಗೇರ್‌ಬಾಕ್ಸ್ ಇಳಿಸಿದೆ, ಬಿಚ್ಚಿದೆ, ಪ್ಲೇಟೆಲ್ಲಾ ಕೈಯಲ್ಲಿ ಹಿಡಿದು ನೋಡ್ತೀನಿ, ಚೆನ್ನಾಗೇ ಐತೆ. ಕೊನೆಗೆ ಕೆಳಗಿನ ಪ್ಯಾನಿನಾಗೆ ಇರೋ ಫಿಲ್ಟರ್ ತೆಗೆದ್ರೆ ಜಾಲರಿ ಪೂರ್ತಿ ಕಟ್ಟಿತ್ತು. ಪಂಪಿಗೆ ಆಯಿಲ್ ಎಳ್ಕೊಳ್ಳೋಕೆ ಆಗ್ತಿರಲಿಲ್ಲ, ಅದಕ್ಕೇ ಕುಂಯ್ ಅನ್ನೋದು, ಇಂಜಿನ್ ಆಫ್ ಮಾಡಿ ನಿಂತಾಗ ಹತ್ಕೊಂಡಿರೋ ಕಸ ಉದುರಿ ಕೆಳಗೆ ಬೀಳೋದು, ಅದಕ್ಕೇ ಚಾ ಕುಡಿದು ಬಂದ್ರೆ ಸರಿ ಹೋಗೋದು. ಆ ಅಣ್ಣ ಎಲ್ಲಾ ಹೇಳಿದ್ದ. ಹನ್ನೊಂದು ದಿನ ಗಾಡಿ ನಿಂತು ಅಷ್ಟೂ ದಿನದ ಬಾಟಾ, ಅಂದ್ರೆ ದಿನಭತ್ಯೆ, ಹೋಯ್ತು ಅವನಿಗೆ, ಶೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ಟವಲ್ ಹಾಸಿ ಮಲಗ್ತಿದ್ದ. ಒಂದು ದಿನದ ಕೆಲಸ ಅದು. ನನಗೆ ಇವತ್ತಿಗೂ ಆ ಮರ ನೋಡಿದ್ರೆ ಹೊಟ್ಟೆ ಉರಿತೈತೆ.

ಅದಕ್ಕೇ ಗಾಡಿ ಬಂದ ತಕ್ಷಣ ಪಾನಾ ಹಿಡಿಬ್ಯಾಡ್ರಿ, ಡ್ರೈವರ್‌ನ ಕೂಡ್ಸಿ ಕೇಳ್ರಿ. ತಣ್ಣಗಿದ್ದಾಗ ಜಾರ್ತೈತಾ ಬಿಸಿ ಆದ್ಮೇಲಾ? ತಣ್ಣಗಿದ್ದಾಗ ಜಾರಿ ಬಿಸಿ ಆದ್ಮೇಲೆ ಹಿಡೀತೈತೆ ಅಂದ್ರೆ ಒಳಗಿನ ರಬ್ಬರ್ ಸೀಲು ಗಟ್ಟಿಯಾಗಿರೋ ಅನುಮಾನ, ಕಾವು ತಗಲಿ ಮೆತ್ತಗಾದ್ಮೇಲೆ ಅವು ಪ್ರೆಷರ್ ಹಿಡೀತಾವೆ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿ ಆದ್ಮೇಲೆ ಜಾರಿದ್ರೆ, ಆಯಿಲ್ ತೆಳ್ಳಗಾಗಿ ಸವೆದ ಪಂಪಿನಾಗೋ ಸೀಲಿನಾಗೋ ಸೋರ್ತಿರಬಹುದು, ಇಲ್ಲಾ ಆ ಟ್ಯಾಂಕರಿನಂಗೆ ಫಿಲ್ಟರ್ ಕಟ್ಟಿರಬಹುದು. ಏರು ಹತ್ತುವಾಗ, ತಿರುವಿನಾಗೆ ಮಾತ್ರ ಜಾರಿದ್ರೆ ಆಯಿಲ್ ಲೆವೆಲ್ ಕಮ್ಮಿ ಇರಬಹುದು, ಸಂಡೂರು ಗುಡ್ಡ ಏರುವಾಗ ಆಯಿಲ್ ಹಿಂದಕ್ಕೆ ಸರಿದು ಫಿಲ್ಟರ್ ಬಾಯಿ ಖಾಲಿ ಆಗಿ ಪಂಪು ಗಾಳಿ ಎಳ್ಕೊಂತೈತೆ.

ಆಯಿಲ್ ನೋಡೋದರಾಗೂ ತಪ್ಪು ಮಾಡ್ತೀವಿ ನಾವು. ಇಂಜಿನ್ ಆಯಿಲ್ ನೋಡಿದಂಗೆ ಆಫ್ ಮಾಡಿ ಡಿಪ್‌ಸ್ಟಿಕ್ ಎಳೆದ್ರೆ ಲೆವೆಲ್ ಸುಳ್ಳು ತೋರಿಸ್ತೈತೆ. ಗಾಡಿ ಸಪಾಟ್ ಜಾಗದಾಗಿರಬೇಕು, ಆಯಿಲ್ ಬಿಸಿ ಇರಬೇಕು, ಅಂದ್ರೆ ಸುಮಾರು 70ರಿಂದ 90 ಡಿಗ್ರಿ, ಇಂಜಿನ್ ಐಡ್ಲಿಂಗ್‌ನಲ್ಲಿರಬೇಕು, ನ್ಯೂಟ್ರಲ್, ಹ್ಯಾಂಡ್‌ಬ್ರೇಕು, ಚಕ್ರಕ್ಕೆ ಕಲ್ಲು. ಲೆವೆಲ್ ಕಮ್ಮಿ ಇದ್ರೆ ಸ್ಲಿಪ್ ಅಂತ ಎಲ್ಲಾರಿಗೂ ಗೊತ್ತು, ಜಾಸ್ತಿ ಇದ್ರೂ ಸ್ಲಿಪ್ ಆಗ್ತೈತೆ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ತಿರುಗೋ ಗೇರು ಆಯಿಲ್ ಒಳಗೆ ಮುಳುಗಿ ಕಡೆದು ಕಡೆದು ನೊರೆ ಎಬ್ಬಿಸ್ತಾವೆ, ನೊರೆ ಅಂದ್ರೆ ಗಾಳಿ, ಗಾಳಿ ಒತ್ತಿದ್ರೆ ಕುಗ್ಗುತೈತೆ, ಪ್ರೆಷರ್ ಎಲ್ಲಿಂದ ಬರಬೇಕು? ಇನ್ನು ಬಿಳಿ ಕಾಗದದ ಮೇಲೆ ಒಂದು ಹನಿ ಬಿಡ್ರಿ. ಕೆಂಪಗೆ ಅಗಲಕ್ಕೆ ಹರಡಿದ್ರೆ ಆಯಿಲ್ ಇನ್ನೂ ಜೀವಂತ ಐತೆ. ಕಂದು ಬಣ್ಣಕ್ಕೆ ಬಂದು ಮಧ್ಯದಾಗೆ ಕಪ್ಪು ಚುಕ್ಕೆ ನಿಂತು ಸೀದ ಒಗ್ಗರಣೆ ತರ ವಾಸನೆ ಬಂದ್ರೆ ಪ್ಲೇಟ್ ಸುಟ್ಟಿದಾವೆ. ಹಾಲು ಬೆರೆಸಿದಂಗೆ ಗುಲಾಬಿ ಬಣ್ಣ ಇದ್ರೆ ರೇಡಿಯೇಟರ್ ನೀರು ಸೇರಿದೆ ಅಂತ, ಅವತ್ತೇ ಗಾಡಿ ನಿಲ್ಲಿಸ್ರಿ, ಯಾಕಂದ್ರೆ ಫ್ರಿಕ್ಷನ್ ಪ್ಲೇಟಿನ ಮೇಲಿರೋದು ಕಾಗದದಂಥ ವಸ್ತು, ಗೋಂದು ಹಚ್ಚಿ ಅಂಟಿಸಿರ್ತಾರೆ, ನೀರು ಕುಡಿದ್ರೆ ಎದ್ದು ಬರ್ತೈತೆ.

ಹಿಂಗೆ ಸುಟ್ಟು ಬರೋ ಆಯಿಲ್ ನಮ್ಮ ಕಡೆ ಜಾಸ್ತಿ ಯಾಕೆ ಅಂದ್ರೆ, ಭಾಳ ಗಾಡಿಗಳಾಗೆ ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗೋದು ರೇಡಿಯೇಟರ್ ಕೆಳಗಿನ ಟ್ಯಾಂಕಿನಾಗೆ. ಮ್ಯಾಂಗನೀಸು, ಕಬ್ಬಿಣದ ಅದಿರಿನ ಆ ಕೆಂಪು ಧೂಳು ರೇಡಿಯೇಟರ್ ರೆಕ್ಕೆಯೊಳಗೆ ಹೋಗಿ ಕೂತು, ಮೇಲೆ ಒಂದು ಮಳೆ ಬಿದ್ರೆ ಗೋಡೆ ಗಿಲಾವು ಮಾಡಿದಂಗೆ ಗಟ್ಟಿ ಆಗ್ತೈತೆ. ಒಳಗಡೆ ಬೋರ್‌ವೆಲ್ ನೀರು ಹಾಕಿ ಹಾಕಿ ಬಿಳೀ ಸುಣ್ಣದ ಪದರ ಕಟ್ಟಿರ್ತೈತೆ. ಮೇಲೆ 40 ಡಿಗ್ರಿ ಬಿಸಿಲು. ಆಯಿಲ್ 120 ಡಿಗ್ರಿ ದಾಟಿ ಓಡ್ತಾ ಇದ್ರೆ ಯಾವ ಗೇರ್‌ಬಾಕ್ಸೂ ಉಳಿಯಲ್ಲ. ನಾಲ್ಕು ಪ್ಲೇಟ್ ಬದಲಾಯಿಸಿ ರೇಡಿಯೇಟರ್ ಮುಟ್ಟದೇ ಕಳಿಸಿದ್ರೆ ಆರು ತಿಂಗಳಿಗೆ ಅದೇ ಗಾಡಿ ಅದೇ ಕಂಪ್ಲೇಂಟ್ ತಗೊಂಡು ವಾಪಸ್ ಬರ್ತೈತೆ, ಆವಾಗ ಓನರ್ ಬೈಯೋದು ನ್ಯಾಯಾನೇ.

ಇದೆಲ್ಲಾ ಸರಿ ಇದ್ದೂ ಜಾರಿದ್ರೆ ಆವಾಗ ಯಾವ ಗೇರಿನಾಗೆ ಅಂತ ನೋಡ್ರಿ, ಇದು ನನಗೆ ಭಾಳ ಇಷ್ಟದ ಕೆಲಸ. ಹಳೇ ಆಲಿಸನ್ ಕಂಪನಿ ಎಟಿ ಸೀರೀಸ್ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ನಾಲ್ಕು ಗೇರಿಂದು, ಅದನ್ನೇ ತಗೊಳ್ರಿ. ಒಳಗೆ ಐದು ಕ್ಲಚ್ಚು. ಫಾರ್ವರ್ಡ್ ಕ್ಲಚ್ಚು ಮುಂದೆ ಹೋಗೋ ನಾಲ್ಕೂ ಗೇರಿನಾಗೆ ಹಿಡ್ಕೊಂಡಿರ್ತೈತೆ, ಅದರ ಜೊತೆ ಒಂದನೇ ಗೇರಿಗೆ ಫಸ್ಟ್ ಕ್ಲಚ್, ಎರಡಕ್ಕೆ ಸೆಕೆಂಡ್, ಮೂರಕ್ಕೆ ಥರ್ಡ್, ನಾಲ್ಕಕ್ಕೆ ಫೋರ್ತ್. ರಿವರ್ಸಿಗೆ ಫಸ್ಟ್ ಮತ್ತೆ ಫೋರ್ತ್ ಎರಡೂ ಸೇರಿ ಹಿಡೀತಾವೆ. ಈಗ ಲೆಕ್ಕ ಮಾಡ್ರಿ. ಮುಂದಿನ ನಾಲ್ಕೂ ಗೇರು ಜಾರಿ ರಿವರ್ಸ್ ಮಾತ್ರ ಗಟ್ಟಿ ಐತೆ ಅಂದ್ರೆ? ಹಾಂ, ಫಾರ್ವರ್ಡ್ ಕ್ಲಚ್ಚು. ಒಂದನೇದು ಮತ್ತೆ ರಿವರ್ಸ್ ಜಾರಿದ್ರೆ? ಫಸ್ಟು. ನಾಲ್ಕು ಮತ್ತೆ ರಿವರ್ಸ್ ಜಾರಿದ್ರೆ ಫೋರ್ತು. ಎಲ್ಲಾ ಗೇರೂ ಜಾರಿದ್ರೆ ಒಂದೇ ಸಲ ಐದೂ ಕ್ಲಚ್ ಸುಟ್ಟಿರೋದು ಕಷ್ಟ, ಎಲ್ಲದಕ್ಕೂ ಸೇರಿರೋದು ಪ್ರೆಷರು, ಪಂಪು, ಫಿಲ್ಟರು, ಆಯಿಲ್ಲು, ಅಲ್ಲಿ ನೋಡ್ರಿ. ಬೇರೆ ಗೇರ್‌ಬಾಕ್ಸಿಗೆ ಬೇರೆ ಲೆಕ್ಕ ಇರ್ತೈತೆ, ಅದರ ಮ್ಯಾನುಯಲ್ಲಿನಾಗೆ ಆ ಪಟ್ಟಿ ಇದ್ದೇ ಇರ್ತೈತೆ, ಒಂದು ಜೆರಾಕ್ಸ್ ತೆಗೆದು ಶೆಡ್ಡಿನ ಗೋಡೆಗೆ ಅಂಟಿಸ್ಕೊಳ್ರಿ.

ಸ್ಟಾಲ್ ಟೆಸ್ಟ್, ಅಂದ್ರೆ ಬ್ರೇಕ್ ಹಿಡಿದು ಗಾಡಿ ನಿಲ್ಲಿಸಿ ರೇಸ್ ಕೊಟ್ಟು ಆರ್‌ಪಿಎಂ ನೋಡೋದು, ಅದರ ಬಗ್ಗೆ ಹುಷಾರಾಗಿ ಕೇಳ್ರಿ. ಬಿಸಿ ಗಾಡಿ, ನಾಲ್ಕೂ ಕಡೆ ಕಲ್ಲು, ಕಾಲ್ಬ್ರೇಕ್ ಹ್ಯಾಂಡ್‌ಬ್ರೇಕ್ ಎರಡೂ, ಮುಂದೆ ಹಿಂದೆ ಒಬ್ರೂ ನಿಲ್ಲಬಾರದು, ಕ್ಲೀನರ್ ಹುಡುಗನ್ನೂ ದೂರ ಕಳಿಸ್ರಿ. ಡ್ರೈವ್‌ಗೆ ಹಾಕಿ ಪೂರ್ತಿ ರೇಸ್ ಕೊಟ್ಟು ಮುಳ್ಳು ಎಲ್ಲಿ ನಿಂತ್ಕೊಂತೈತೆ ನೋಡಿ ತಕ್ಷಣ ಬಿಡ್ರಿ, ಐದು ಸೆಕೆಂಡ್ ದಾಟಬಾರದು, ಆಮೇಲೆ ನ್ಯೂಟ್ರಲ್‌ಗೆ ತಂದು ಎರಡು ನಿಮಿಷ ಸ್ವಲ್ಪ ರೇಸಿನಾಗೆ ಬಿಟ್ಟು ಆಯಿಲ್ ತಣ್ಣಗಾಗೋಕೆ ಬಿಡ್ರಿ. ಮ್ಯಾನುಯಲ್ಲಿನಾಗೆ ಬರೆದಿರೋ ಲೆಕ್ಕಕ್ಕಿಂತ 150 ಆರ್‌ಪಿಎಂ ಮೇಲೆ ಹೋಯ್ತು ಅಂದ್ರೆ ಒಳಗೆ ಜಾರ್ತೈತೆ. ಆ ಲೆಕ್ಕಕ್ಕಿಂತ 150 ಆರ್‌ಪಿಎಂ ಕೆಳಗೆ ನಿಂತ್ರೆ ಇಂಜಿನ್ ಬಲ ಇಲ್ಲ. ಮೂರರಲ್ಲಿ ಒಂದು ಪಾಲಿನಷ್ಟು ಕೆಳಗೆ ಇದ್ರೆ ಕನ್ವರ್ಟರ್ ಒಳಗಿನ ಸ್ಟೇಟರ್ ಹಿಡಿತ ಬಿಟ್ಟೈತೆ, ಆವಾಗ ಗೇರ್‌ಬಾಕ್ಸ್ ಪ್ಲೇಟ್ ಬದಲಾಯಿಸಿದ್ರೆ ಓನರ್ ದುಡ್ಡು ನೀರಿಗೆ ಹಾಕಿದಂಗೆ. ಟೆಸ್ಟ್ ಮಾಡುವಾಗ ಮುಳ್ಳು ಲೆಕ್ಕ ದಾಟಿ ಏರ್ತಾ ಇದ್ರೆ ಎಲ್ಲಿ ನಿಲ್ಲುತೈತೋ ನೋಡೋಣ ಅಂತ ಕಾಯಬ್ಯಾಡ್ರಿ, ಕಾಲು ತೆಗೀರಿ, ಉಳಿದ ಪ್ಲೇಟೂ ಸುಡ್ತಾವೆ.

ಇದಾದ್ಮೇಲೆ ಪ್ರೆಷರ್ ಗೇಜು. ಕೇಸಿನ ಮೇಲೆ ಪ್ಲಗ್ ಇರ್ತೈತೆ, ಬಿಚ್ಚಿ ಗೇಜ್ ಹಾಕಿ ಒಂದೊಂದು ಗೇರಿಗೂ ಓದಿ ಬರ್ಕೊಳ್ರಿ. ಪ್ರೆಷರ್ ಕಮ್ಮಿ ಅಂದ್ರೆ ಪಂಪ್ ಕಡೆ, ಪ್ರೆಷರ್ ಸರಿ ಇದ್ದೂ ಜಾರಿದ್ರೆ ಪ್ಲೇಟು, ಆವಾಗ ಇಳಿಸ್ರಿ, ನಾನು ಬ್ಯಾಡ ಅನ್ನಲ್ಲ. ಒಂದು ಗೇಜ್ ತಗೊಳ್ಳೋಕೆ ನಮ್ಮ ಶೆಡ್ಡಿನವರು ಹಿಂದೆ ಮುಂದೆ ನೋಡ್ತಾರೆ, ಒಂದು ಗೇರ್‌ಬಾಕ್ಸ್ ಸುಮ್ನೆ ಇಳಿಸಿ ಏರಿಸೋ ಖರ್ಚಿನ ಮುಂದೆ ಅದು ಏನೂ ಅಲ್ಲ.

ದಪ್ಪ ಆಯಿಲ್ ಹಾಕಿದ್ರೆ ಹಿಡೀತೈತೆ ಅಂತ ಹೇಳೋರ ಮಾತು ಕೇಳಬ್ಯಾಡ್ರಿ, ಆಯಿಲ್ ಯಾವ ಕ್ಲಚ್ಚಿಗೆ ಹೋಗಬೇಕು ಅಂತ ದಾರಿ ಬಿಡೋ ವಾಲ್ವ್ ಬಾಡಿಯೊಳಗಿನ ಸಣ್ಣ ವಾಲ್ವುಗಳು ಅದರಾಗೆ ಸರಿಯಾಗಿ ಆಡಲ್ಲ. ಸುಟ್ಟ ಪ್ಲೇಟಿಗೆ ಹೊಸ ಆಯಿಲ್ ಹಾಕಿದ್ರೂ ಪ್ಲೇಟ್ ವಾಪಸ್ ಬರಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆ ಗಣಿಗಾರಿಕೆ ನಿಲ್ಲಿಸಿದ್ದು ಇಲ್ಲಿರೋ ಹಿರಿಯರಿಗೆಲ್ಲಾ ನೆನಪೈತೆ, ಸಾಲಕ್ಕೆ ತಂದ ಗಾಡಿ ಸಾಲಾಗಿ ನಿಂತ್ಕೊಂಡವು, ಎಷ್ಟು ಮನೆ ಒಲೆ ಆರಿದವೋ. ಹಂಗೆ ವರ್ಷಗಟ್ಟಲೆ ನಿಂತ ಆಟೋಮ್ಯಾಟಿಕ್ ಗಾಡಿ ಶುರು ಮಾಡಿದ್ರೆ ಮೊದಲ ದಿನಾನೇ ಜಾರ್ತಾವೆ, ಪ್ಲೇಟ್ ಹೋಗೈತೆ ಅಂತ ಗುಜರಿಗೆ ಕೊಟ್ಟೋರೂ ಅದಾರೆ. ಸೀಲು ಒಣಗಿರ್ತಾವೆ, ಆಯಿಲ್ ಎಲ್ಲಾ ಕೆಳಗೆ ಇಳಿದಿರ್ತೈತೆ ಅಷ್ಟೇ. ಆಯಿಲ್, ಫಿಲ್ಟರ್ ಹೊಸದು ಹಾಕಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಲೋಡ್ ಇಲ್ಲದೇ ನಿಧಾನಕ್ಕೆ ಓಡ್ಸಿ ನೋಡ್ರಿ, ಕೆಲವು ಎದ್ದೇಳ್ತಾವೆ. ಏಳದಿದ್ರೆ ಸೀಲು ಬದಲಾಯಿಸ್ರಿ.

ಹಾಂ, ಹಗ್ಗ ಕಟ್ಟಿ ಎಳೆಯೋದು. ಜಾರಿ ನಿಂತ ಗಾಡಿನ ಕುಡತಿನಿಯಿಂದ ಬಳ್ಳಾರಿ ತನಕ ನ್ಯೂಟ್ರಲ್ ಹಾಕಿ ಎಳ್ಕೊಂಡು ಬರ್ತೀರಿ. ಪಂಪ್ ತಿರುಗೋದು ಇಂಜಿನ್ ತಿರುಗಿದ್ರೆ ಮಾತ್ರ, ಇಂಜಿನ್ ಆಫ್ ಇದ್ದಾಗ ಚಕ್ರ ತಿರುಗಿದ್ರೆ ಗೇರ್‌ಬಾಕ್ಸ್ ಒಳಗೆಲ್ಲಾ ಆಯಿಲ್ ಇಲ್ಲದೇ ಒಣಗಿದಂಗೆ ತಿರುಗಿ ಹಾಳಾಗ್ತೈತೆ. ಗೇರ್‌ಬಾಕ್ಸಿಂದ ಚಕ್ರದ ಕಡೆ ಎಳೆತ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಎಳೀರಿ, ನಾಲ್ಕು ಬೋಲ್ಟಿನ ಕೆಲಸ ಅದು.

ಹೊರಗೆ ಒಂದು ಗಾಡಿ ನಿಲ್ಲಿಸಿದೀವಿ, ಅರ್ಧ ತಾಸಿಂದ ಐಡ್ಲಿಂಗ್‌ನಲ್ಲಿ ಐತೆ, ಆಯಿಲ್ ಈಗ ಬಿಸಿ ಆಗಿರಬೇಕು. ಅದರ ಡ್ರೈವರ್ ಅಣ್ಣಾನೂ ಅಲ್ಲೇ ಅದಾನೆ. ತಮ್ಮಾ, ನೀನು ಬಿಳಿ ಕಾಗದ ತಗೊಂಡು ಬಾ, ಡಿಪ್‌ಸ್ಟಿಕ್ ಆಮೇಲೆ ಎಳೆಯೋಣ, ಮೊದಲು ಆ ಅಣ್ಣ ಏನು ಹೇಳ್ತಾನೆ ಕೇಳೋಣ ಬರ್ರಿ.